‘ಏನೂ ಆಗಿಲ್ಲ, ನೀವು ಹೋಗಿ’ ಅನ್ನುವ ಮುಂಚೆ ಇದನ್ನೊಮ್ಮೆ ಓದಿ

ಕಳೆದ ವರ್ಷ ಒಂದು ಬೆಳಿಗ್ಗೆ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ರಸ್ತೆ ಬದಿಯಲ್ಲಿ ನಿಂತಿದ್ದ ಕಾರಿನ ಬಾಗಿಲು ಏಕಾಏಕಿ ತೆರೆದುಕೊಂಡಿತು. ಬ್ರೇಕ್ ಹಿಡಿಯುವಷ್ಟೂ ಹೊತ್ತು ಸಿಗಲಿಲ್ಲ. ಹ್ಯಾಂಡಲ್ ಬಾಗಿಲಿಗೆ ತಗುಲಿ ಮುಂದಕ್ಕೆ ಹಾರಿ ಬಿದ್ದೆ. ಬೀಳುವಾಗ ಎಲ್ಲರೂ ಮಾಡುವ ಹಾಗೆ ಬಲಗೈ ಚಾಚಿ ನೆಲಕ್ಕೆ ಊರಿದ್ದೆ.

ಆಮೇಲಿನ ಐದು ನಿಮಿಷದಲ್ಲಿ ನಾನು ಆಡಿದ ಮಾತು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಕಾರಿನವರು ಕೆಟ್ಟವರಲ್ಲ. ಗಾಬರಿಯಿಂದ ಓಡಿ ಬಂದು ಎಬ್ಬಿಸಿದರು, ನೀರು ಕೊಟ್ಟರು. ‘ಆಸ್ಪತ್ರೆಗೆ ಹೋಗೋಣವಾ? ಪೊಲೀಸರಿಗೆ ತಿಳಿಸೋಣವಾ?’ ಎಂದು ಅವರೇ ಕೇಳಿದರು. ನಾನು ಮಹಾ ದೊಡ್ಡ ಮನುಷ್ಯನ ಹಾಗೆ, ‘ಅಯ್ಯೋ ಬೇಡ ಬಿಡಿ, ಏನೂ ಆಗಿಲ್ಲ. ನಾನೂ ಸ್ವಲ್ಪ ನೋಡ್ಕೊಂಡು ಬರಬೇಕಿತ್ತು. ನೀವು ಹೋಗಿ’ ಅಂದೆ. ಸುತ್ತ ನಿಂತಿದ್ದ ನಾಲ್ಕೈದು ಜನ ಅದನ್ನು ಕೇಳಿಸಿಕೊಂಡು, ಸದ್ಯ ಏನೂ ಆಗಿಲ್ಲವಂತೆ ಎಂದು ಚದುರಿದರು. ಅವರಲ್ಲಿ ಒಬ್ಬರ ಫೋನ್ ನಂಬರನ್ನೂ ನಾನು ಕೇಳಲಿಲ್ಲ. ಕಾರಿನವರು ತಮ್ಮ ಹೆಸರು, ನಂಬರ್, ವಿಮೆ ಕಂಪನಿಯ ವಿವರ ಬರೆದುಕೊಟ್ಟರು. ಅದು ಅವರ ಒಳ್ಳೆತನ. ನನ್ನ ಬುದ್ಧಿವಂತಿಕೆಯೇನೂ ಅದರಲ್ಲಿರಲಿಲ್ಲ.

ಬಿದ್ದ ಕೂಡಲೇ ಮೈಯಲ್ಲಿ ಅಡ್ರಿನಲಿನ್ ಏರಿರುತ್ತದೆ, ನೋವು ಗೊತ್ತಾಗುವುದಿಲ್ಲ. ಅದಕ್ಕಿಂತ ಜಾಸ್ತಿ ಕಾಡುವುದು ನಾಚಿಕೆ. ಎಲ್ಲರ ಎದುರಿಗೆ ದಬಾರನೆ ಬಿದ್ದವನಿಗೆ ಆ ಹೊತ್ತಿನಲ್ಲಿ ಜನ ನೋಡುವುದು ನಿಂತರೆ ಸಾಕು ಅನ್ನಿಸುತ್ತಿರುತ್ತದೆ. ಅದಕ್ಕೇ ಬಾಯಿಗೆ ಬರುವ ಮೊದಲ ಮಾತು ‘ಏನೂ ಆಗಿಲ್ಲ’.

ಸಂಜೆ ಹೊತ್ತಿಗೆ ಹೆಬ್ಬೆರಳಿನ ಬುಡದಲ್ಲಿ, ಬೆರಳನ್ನು ಮೇಲೆತ್ತಿದಾಗ ಗುಳಿ ಬೀಳುತ್ತದಲ್ಲ, ಅಲ್ಲಿ ನೋವು ಶುರುವಾಯಿತು. ಮರುದಿನ ಎಕ್ಸ್‌ರೇ ಮಾಡಿಸಿದೆ. ‘ಮುರಿದ ಗುರುತು ಕಾಣುತ್ತಿಲ್ಲ, ಉಳುಕಿರಬಹುದು. ನೋವು ಹೋಗದಿದ್ದರೆ ಹತ್ತು ದಿನ ಬಿಟ್ಟು ಮತ್ತೆ ಬನ್ನಿ, ಇನ್ನೊಂದು ಎಕ್ಸ್‌ರೇ ತೆಗೆಯೋಣ’ ಎಂದರು ಡಾಕ್ಟರ್. ಅವರ ಮಾತಿನಲ್ಲಿ ನನಗೆ ಬೇಕಾದ ಅರ್ಧವನ್ನು ಮಾತ್ರ ಕಿವಿಗೆ ಹಾಕಿಕೊಂಡೆ.

ಇಲ್ಲಿ ಸ್ವಲ್ಪ ಮೂಳೆಯ ವಿಷಯ ಹೇಳಲೇಬೇಕು. ಸೈಕಲ್‌ನಿಂದ ಕೈ ಊರಿ ಬಿದ್ದವರೆಲ್ಲ ತಿಳಿದುಕೊಂಡಿರಬೇಕಾದದ್ದು ಇದು. ಮಣಿಕಟ್ಟಿನಲ್ಲಿ ಸ್ಕ್ಯಾಫಾಯ್ಡ್ ಎಂಬ ಗೋಡಂಬಿ ಆಕಾರದ ಪುಟ್ಟ ಮೂಳೆಯಿದೆ. ಅದರಲ್ಲಿ ಬಿಟ್ಟ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಹತ್ತು ಹದಿನಾಲ್ಕು ದಿನ ಬಿಟ್ಟು ತೆಗೆದರೆ ಅಥವಾ ಎಂಆರ್‌ಐ ಮಾಡಿಸಿದರೆ ಸಿಕ್ಕಿಬೀಳುತ್ತದೆ. ಆ ಮೂಳೆಗೆ ರಕ್ತ ಹರಿಯುವುದೇ ಕಡಿಮೆ, ಅದೂ ಬೆರಳಿನ ಕಡೆಯಿಂದ ಹಿಂದಕ್ಕೆ. ಸಮಯಕ್ಕೆ ಸರಿಯಾಗಿ ಪಟ್ಟಿ ಹಾಕಿ ಅಲುಗಾಡದಂತೆ ಇಡದಿದ್ದರೆ ಕೂಡಿಕೊಳ್ಳುವುದಿಲ್ಲ. ಕೆಲವೊಮ್ಮೆ ರಕ್ತ ಸಿಗದೆ ಒಂದು ತುಂಡು ಸತ್ತೇ ಹೋಗುತ್ತದೆ.

ನನಗೆ ಆಗ ಇದೊಂದೂ ಗೊತ್ತಿರಲಿಲ್ಲ. ಮೂರನೆಯ ದಿನ ಕಾರಿನವರ ವಿಮೆ ಕಂಪನಿಯಿಂದ ಫೋನ್ ಬಂತು. ಎಷ್ಟು ನಯವಾದ ಮಾತು ಅಂತೀರಿ! ‘ಹೇಗಿದ್ದೀರಿ ಸರ್? ನಿದ್ದೆ ಬಂತಾ? ಸುಮ್ನೆ ಎರಡು ಪ್ರಶ್ನೆ ಕೇಳಿಬಿಡ್ತೀನಿ, ಕರೆ ರೆಕಾರ್ಡ್ ಆಗುತ್ತೆ ಪರ್ವಾಗಿಲ್ವಾ?’ ಪರ್ವಾಗಿಲ್ಲ ಅಂದೆ. ಎಷ್ಟು ವೇಗದಲ್ಲಿ ಬರ್ತಿದ್ರಿ? ‘ಸ್ವಲ್ಪ ಜೋರಾಗೇ ಇದ್ದೆನೇನೋ.’ ಕಾರಿನೊಳಗೆ ಜನ ಇರುವುದು ಕಾಣಲಿಲ್ವಾ? ‘ಗಮನಿಸಲಿಲ್ಲ.’ ಹೆಲ್ಮೆಟ್ ಹಾಕಿದ್ರಾ? ಮುರಿದದ್ದು ಮಣಿಕಟ್ಟು, ಕೇಳಿದ್ದು ಹೆಲ್ಮೆಟ್! ಅದೂ ನನಗೆ ಆಗ ಹೊಳೆಯಲಿಲ್ಲ. ಈಗ ನೋವು ಹೇಗಿದೆ? ‘ಕಡಿಮೆಯಾಗ್ತಿದೆ.’ ಸಂಕೋಚಕ್ಕೆ ಆಡಿದ ಒಂದೊಂದು ಮಾತೂ ಅವರ ಫೈಲಿನಲ್ಲಿ ನನ್ನ ಹೇಳಿಕೆಯಾಗಿ ಕೂತಿತು.

ಆರನೆಯ ದಿನ ಒಂದು ಕಾಗದ ಬಂತು. ಸೈಕಲ್ ರಿಪೇರಿ ಖರ್ಚು, ಎಕ್ಸ್‌ರೇ ಖರ್ಚು, ಮೇಲೆ ಒಂದಿಷ್ಟು. ತಲೆಬರಹ ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’. ಅದರ ಕೆಳಗೆ, ಈ ಅಪಘಾತದಿಂದ ಈಗ ಗೊತ್ತಿರುವ ಮತ್ತು ಮುಂದೆ ಗೊತ್ತಾಗಬಹುದಾದ ಎಲ್ಲ ಗಾಯ, ನಷ್ಟಗಳ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂಬ ಸಾಲು. ಓದದೆ ಸಹಿ ಹಾಕಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಓದಿಯೇ ಹಾಕಿದೆ. ‘ಮುಂದೆ ಗೊತ್ತಾಗಬಹುದಾದ’ ಅನ್ನುವುದನ್ನು ಕಾಗದದ ಮೇಲಿನ ಮಾಮೂಲು ಭಾಷೆ ಅಂದುಕೊಂಡೆ. ಒಂದೇ ವಾರದಲ್ಲಿ ಹಣ ಬಂತು ಎಂದು ಸ್ನೇಹಿತರ ಎದುರು ಬೀಗಿದ್ದೂ ಉಂಟು.

ಏಳನೆಯ ವಾರ ಬಾಟಲಿಯ ಮುಚ್ಚಳ ತಿರುಗಿಸಲೂ ಆಗದೆ ಹೋದಾಗ ಮತ್ತೆ ಡಾಕ್ಟರ್ ಹತ್ತಿರ ಹೋದೆ. ಸ್ಕ್ಯಾಫಾಯ್ಡ್ ಎರಡು ತುಂಡಾಗಿತ್ತು, ಕೂಡಿಕೊಂಡಿರಲಿಲ್ಲ. ಸೊಂಟದಿಂದ ಚೂರು ಮೂಳೆ ತೆಗೆದು ಮಣಿಕಟ್ಟಿಗೆ ಇಟ್ಟು, ಸ್ಕ್ರೂ ಹಾಕಿದರು. ತಿಂಗಳುಗಟ್ಟಲೆ ಬಲಗೈ ಇಲ್ಲ. ಕೆಲಸಕ್ಕೆ ರಜೆ, ಆಮೇಲೆ ಸಂಬಳವಿಲ್ಲದ ರಜೆ. ವಿಮೆ ಕಂಪನಿಗೆ ಬರೆದೆ. ಎರಡೇ ಸಾಲಿನ ಉತ್ತರ ಬಂತು, ಜೊತೆಗೆ ನನ್ನದೇ ಸಹಿ ಇದ್ದ ಕಾಗದದ ಪ್ರತಿ.

ಆಗ ಹೋದೆ ವಕೀಲರ ಹತ್ತಿರ. ಅವರು ಬೈಯಲಿಲ್ಲ, ಬರೀ ಪ್ರಶ್ನೆ ಕೇಳುತ್ತಾ ಹೋದರು. ಪೊಲೀಸ್ ದೂರು? ಇಲ್ಲ. ಸಾಕ್ಷಿ? ಇಲ್ಲ. ಸೈಕಲ್? ಮೂರನೇ ದಿನಕ್ಕೇ ರಿಪೇರಿ ಮಾಡಿಸಿ, ಸೊಟ್ಟಗಾದ ಹ್ಯಾಂಡಲ್ ಗುಜರಿಗೆ ಹಾಕಿದ್ದೆ. ಸಿಸಿಟಿವಿ? ಎದುರಿಗೇ ಒಂದು ಕ್ಯಾಮೆರಾ ಇತ್ತು. ಆದರೆ ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುವ ಬಗೆಯದು, ಕೆಲವೇ ದಿನದಲ್ಲಿ ಎಲ್ಲ ಅಳಿಸಿಹೋಗಿತ್ತು. ಕೊನೆಗೆ ಉಳಿದದ್ದು ಸೈಕಲ್ ಕಂಪ್ಯೂಟರಿನ ಜಿಪಿಎಸ್ ದಾಖಲೆ. ಅದನ್ನು ತೆರೆದು ನೋಡಿದರೆ ನನ್ನ ವೇಗ ಗಂಟೆಗೆ 17 ಕಿಲೋಮೀಟರ್! ‘ಜೋರಾಗೇ ಇದ್ದೆನೇನೋ’ ಅಂದಿದ್ದೆ ನಾನು, ಕೇಳಿ.

‘ಮೋಸ ಮಾಡಿ ಅಥವಾ ಬಲವಂತದಿಂದ ಸಹಿ ಹಾಕಿಸಿಕೊಂಡಿದ್ದರೆ ಏನಾದರೂ ನೋಡಬಹುದಿತ್ತು, ಇದು ಹಾಗಲ್ಲ’ ಎಂದರು ವಕೀಲರು. ನನ್ನ ಕಥೆ ಅಲ್ಲಿಗೆ ಮುಗಿಯಿತು.

ಆದರೆ ಅವರಿಂದ ತಿಳಿದದ್ದು, ಆಮೇಲೆ ಹಟಕ್ಕೆ ಬಿದ್ದು ಓದಿದ್ದು ಸಾಕಷ್ಟಿದೆ. ಮೊದಲನೆಯದು, ಬಾಗಿಲು ತೆರೆಯುವವರೇ ನೋಡಿಕೊಂಡು ತೆರೆಯಬೇಕು. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ 24ನೇ ವಿಧಿಯೇ ಇದನ್ನು ಹೇಳುತ್ತದೆ. ಬೇರೆಯವರಿಗೆ ಅಪಾಯವಿಲ್ಲ ಎಂದು ಖಚಿತಪಡಿಸಿಕೊಳ್ಳದೆ ಬಾಗಿಲು ತೆರೆಯುವಂತಿಲ್ಲ, ತೆರೆದು ಬಿಡುವಂತೆಯೂ ಇಲ್ಲ. ಬ್ರಿಟನ್ನಿನ ಹೈವೇ ಕೋಡ್ 2022ರಿಂದ ಬಾಗಿಲಿಗೆ ದೂರದ ಕೈಯಿಂದ ತೆರೆಯಿರಿ ಎನ್ನುತ್ತದೆ. ಹಾಗೆ ಮಾಡಿದರೆ ಮೈ ತಾನಾಗಿ ತಿರುಗಿ ಹಿಂದೆ ಬರುವ ಸೈಕಲ್ ಕಾಣುತ್ತದೆ. ಡಚ್ಚರ ಅಭ್ಯಾಸವಂತೆ, ಎಷ್ಟು ಸರಳ ನೋಡಿ. ‘ಕಾರು ನಿಂತಿತ್ತಲ್ಲ, ಓಡುತ್ತಿರಲಿಲ್ಲವಲ್ಲ’ ಎಂಬ ವಾದವೂ ಬರುತ್ತದೆ. ವಾಹನದ ‘ಬಳಕೆ’ ಅನ್ನಲು ಅದು ಓಡುತ್ತಲೇ ಇರಬೇಕೆಂದಿಲ್ಲ ಎಂದು ಭಾರತದ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ.

ಎರಡನೆಯದು, ‘ನನ್ನದೂ ಸ್ವಲ್ಪ ತಪ್ಪಿದೆ’ ಎಂಬ ಮಾತಿನ ತೂಕ ದೇಶ ದೇಶಕ್ಕೂ ಬೇರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮೋಟಾರು ವಾಹನ ಸೈಕಲ್ ಸವಾರರಿಗೆ ಗುದ್ದಿದರೆ ಹೊಣೆ ವಾಹನದವರದ್ದೇ ಎಂದು ಕಾನೂನು ಮೊದಲು ಹಿಡಿಯುತ್ತದೆ. ಗಾಯಗೊಂಡದ್ದು 14ಕ್ಕಿಂತ ಚಿಕ್ಕ ಮಗುವಾದರೆ ಸಾಮಾನ್ಯವಾಗಿ ಪೂರ್ತಿ ಹೊಣೆ. ಫ್ರಾನ್ಸಿನ 1985ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಗಾಯಗೊಂಡ ಸೈಕಲ್ ಸವಾರನ ಸಣ್ಣಪುಟ್ಟ ತಪ್ಪನ್ನು ತೋರಿಸಿ ಪರಿಹಾರ ಕತ್ತರಿಸಲು ಬರುವುದಿಲ್ಲ. ಇಂಗ್ಲೆಂಡ್, ಭಾರತದಂಥ ಕಡೆ ನಿಮ್ಮ ತಪ್ಪು ಎಷ್ಟು ಪಾಲೋ ಅಷ್ಟು ಪರಿಹಾರ ಕಡಿಮೆ. ಅಮೆರಿಕದ ಅಲಬಾಮಾ, ಮೇರಿಲ್ಯಾಂಡ್, ನಾರ್ತ್ ಕೆರೋಲಿನಾ, ವರ್ಜೀನಿಯಾ ರಾಜ್ಯಗಳ ಹಳೆಯ ನಿಯಮ ಕೇಳಿದರೆ ಎದೆ ಧಸಕ್ ಎನ್ನುತ್ತದೆ. ಅಲ್ಲಿ ನಿಮ್ಮದು ನೂರಕ್ಕೆ ಒಂದು ಪಾಲು ತಪ್ಪು ಎಂದು ಸಾಬೀತಾದರೂ ಪರಿಹಾರವೇ ಕೈತಪ್ಪಬಹುದು. ನಾನು ಸೌಜನ್ಯಕ್ಕೆ ಆಡಿದ ಮಾತನ್ನು ಅಲ್ಲಿ ಆಡಿದ್ದರೆ?

ಮೂರನೆಯದು ಗಡುವು. ಇಂಗ್ಲೆಂಡ್‌ನಲ್ಲಿ ಗಾಯದ ದಾವೆಗೆ ಸಾಮಾನ್ಯವಾಗಿ 3 ವರ್ಷ. ಭಾರತದ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ನ್ಯಾಯಮಂಡಳಿಗೆ ಅರ್ಜಿ ಹಾಕಲು ಅಪಘಾತದ ದಿನದಿಂದ 6 ತಿಂಗಳು ಎನ್ನುತ್ತದೆ. ಕಾರಿನ ತಪ್ಪಿಲ್ಲದೆ ರಸ್ತೆಗುಂಡಿಯಿಂದ ಬಿದ್ದರೆ, ಅಂದರೆ ಎದುರಾಳಿ ಸರ್ಕಾರ ಅಥವಾ ನಗರಸಭೆಯಾದರೆ, ಗಡುವು ಇನ್ನೂ ಚಿಕ್ಕದಾಗಬಹುದು. ನ್ಯೂಯಾರ್ಕ್ ನಗರಾಡಳಿತದ ಮೇಲೆ ದಾವೆ ಹೂಡುವವರು 90 ದಿನದೊಳಗೆ ನೋಟಿಸ್ ಕೊಡಬೇಕು. ಮಣಿಕಟ್ಟಿಗೆ ಪಟ್ಟಿ ಹಾಕಿಕೊಂಡು ಮಲಗಿರುವಾಗ 90 ದಿನ ಹೋದದ್ದೇ ತಿಳಿಯುವುದಿಲ್ಲ. ಹಾಗಾಗಿ ನೀವಿರುವ ಕಡೆ ಗಡುವು ಎಷ್ಟು ಎಂದು ಮೊದಲ ವಾರದಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

ಹಾಗಾದರೆ ಬಿದ್ದಾಗ ಏನು ಮಾಡಬೇಕು? ರಸ್ತೆಯಿಂದ ಪಕ್ಕಕ್ಕೆ ಬಂದು ಕೂತುಕೊಳ್ಳಿ. ತಲೆಗೆ ಪೆಟ್ಟಾಗಿದ್ದರೆ ಬೇರೆಲ್ಲ ಬಿಟ್ಟು ಆಂಬುಲೆನ್ಸ್ ಕರೆಯಿರಿ. ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ ‘ಇನ್ನೂ ಗೊತ್ತಿಲ್ಲ, ಡಾಕ್ಟರ್ ನೋಡಬೇಕು’ ಎನ್ನಿ. ಅದು ನಿಜವೂ ಹೌದು. ಪೊಲೀಸರಿಗೆ ತಿಳಿಸಿ, ದೂರಿನ ಪ್ರತಿ ಇಟ್ಟುಕೊಳ್ಳಿ. ವಾಹನದ ನಂಬರ್ ಪ್ಲೇಟ್, ಬಾಗಿಲು ತೆರೆದಿರುವಂತೆಯೇ ಕಾರು, ಸೈಕಲ್ ಬಿದ್ದ ಜಾಗ, ನಿಮ್ಮ ಗಾಯ ಎಲ್ಲದರ ಫೋಟೋ ಬೇಕು. ನಿಮ್ಮ ಕೈ ನಡುಗುತ್ತಿದ್ದರೆ ಪಕ್ಕದಲ್ಲಿ ನಿಂತವರಿಗೆ ಫೋನ್ ಕೊಟ್ಟು ತೆಗೆಸಿ. ಅವರ ನಂಬರನ್ನೂ ಪಡೆದುಕೊಳ್ಳಿ. ಕ್ಯಾಮೆರಾ ಕಂಡರೆ ಅದರ ಮಾಲೀಕರಿಗೆ ಅವತ್ತೇ ಹೇಳಿ, ದೃಶ್ಯ ಉಳಿಸಿಡಿ ಎಂದು ಬರಹದಲ್ಲಿ ಕೇಳಿ.

ಸೈಕಲ್ ರಿಪೇರಿಗೆ ಕೊಡಬೇಡಿ. ಈ ಮಾತನ್ನು ನಾನು ಎರಡು ಸಲ ಹೇಳುತ್ತೇನೆ, ಏಕೆಂದರೆ ಸೈಕಲ್ ಪ್ರೇಮಿಗಳಿಗೆ ಇದೇ ಕಷ್ಟ. ರಿಪೇರಿಗೆ ಕೊಡಬೇಡಿ. ಸೊಟ್ಟಗಾದ ಚಕ್ರ, ಗೀಚಿಹೋದ ಪೆಡಲ್, ಹರಿದ ಬಟ್ಟೆ, ಒಡೆದ ಹೆಲ್ಮೆಟ್ ಎಲ್ಲ ಹಾಗೇ ಒಂದು ಮೂಲೆಯಲ್ಲಿರಲಿ. ಮೆಕ್ಯಾನಿಕ್‌ಗೆ ತೋರಿಸಿ ಹಾನಿಯ ಅಂದಾಜು ಪಟ್ಟಿ ಮಾತ್ರ ಬರೆಸಿಕೊಳ್ಳಿ. ಕಾರ್ಬನ್ ಫ್ರೇಮ್ ಆದರೆ ಮೇಲೆ ಚೆನ್ನಾಗಿ ಕಂಡರೂ ಒಳಗೆ ಬಿರುಕಿರಬಹುದು, ಗೊತ್ತಿರುವವರಿಗೇ ತೋರಿಸಿ. ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಹಾಕಿಕೊಳ್ಳಲು ಬಾರದು, ಒಳಗಿನ ಫೋಮ್ ಒಮ್ಮೆ ಕುಗ್ಗಿದರೆ ಮುಗಿಯಿತು. ಆದರೆ ಎಸೆಯಲೂ ಬಾರದು.

ಆಸ್ಪತ್ರೆಯಲ್ಲಿ ನೋವಿರುವ ಪ್ರತಿಯೊಂದು ಜಾಗವನ್ನೂ ಹೇಳಿ ಬರೆಸಿ. ಮತ್ತೆ ಬನ್ನಿ ಅಂದರೆ ಮತ್ತೆ ಹೋಗಿ. ನಡುವೆ ಬಿಟ್ಟ ವಾರಗಳನ್ನು ತೋರಿಸಿ ‘ನೋವಿದ್ದಿದ್ದರೆ ಬರುತ್ತಿರಲಿಲ್ವಾ?’ ಎಂದು ಕೇಳುವವರಿದ್ದಾರೆ. ದಿನಕ್ಕೆರಡು ಸಾಲು ಡೈರಿ ಬರೆಯಿರಿ. ಇವತ್ತು ಅಂಗಿಯ ಗುಂಡಿ ಹಾಕಲಾಗಲಿಲ್ಲ, ರಾತ್ರಿ ಎರಡು ಸಲ ಎಚ್ಚರವಾಯಿತು, ಇಷ್ಟು ಸಾಕು. ಪರಿಹಾರ ಅಂದರೆ ಆಸ್ಪತ್ರೆ ಬಿಲ್ ಮಾತ್ರವಲ್ಲ. ಕಳೆದುಕೊಂಡ ಸಂಬಳ, ಓಡಾಟದ ಖರ್ಚು, ನೋಡಿಕೊಂಡವರ ಶ್ರಮ, ಅನುಭವಿಸಿದ ನೋವು, ಮುಂದೆ ಬೇಕಾಗುವ ಚಿಕಿತ್ಸೆ, ಉಳಿದುಹೋಗುವ ಊನ ಇವೆಲ್ಲ ಬಹಳ ಕಡೆ ಲೆಕ್ಕಕ್ಕೆ ಬರುತ್ತವೆ. ಪುರಾವೆ ಇದ್ದರೆ ಮಾತ್ರ.

ಎದುರಿನವರ ವಿಮೆ ಕಂಪನಿ ಕರೆದರೆ ಹೆಸರು, ಅಪಘಾತದ ದಿನ, ಜಾಗ ಹೇಳಿ, ಉಳಿದದ್ದನ್ನು ಬರಹದಲ್ಲಿ ಕಳಿಸುತ್ತೇನೆ ಎನ್ನಿ. ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡು ಹೇಳಿಕೆ ಕೊಡಬೇಕೆಂದು ಅವರು ಒತ್ತಾಯಿಸಿದರೆ, ವಕೀಲರನ್ನು ಕೇಳಿ ತಿಳಿಸುತ್ತೇನೆ ಎಂದು ಇಟ್ಟುಬಿಡಿ. ಸಿಟ್ಟಾಗಬೇಕಿಲ್ಲ, ಫೋನ್ ಮಾಡಿದವರು ತಮ್ಮ ಕೆಲಸ ಮಾಡುತ್ತಿದ್ದಾರೆ ಅಷ್ಟೆ. ವಕೀಲರ ಹತ್ತಿರ ಮೊದಲೇ ಫೀಸಿನ ಮಾತಾಡಿ. ಕೆಲವು ದೇಶಗಳಲ್ಲಿ ಗೆದ್ದರೆ ಮಾತ್ರ ಪರಿಹಾರದಲ್ಲಿ ಪಾಲು ತೆಗೆದುಕೊಳ್ಳುವ ಪದ್ಧತಿಯಿದೆ. ಭಾರತದಲ್ಲಿ ವಕೀಲರು ಹಾಗೆ ಪಾಲು ಕೇಳುವಂತಿಲ್ಲ.

ಗುದ್ದಿದವರು ನಿಲ್ಲದೆ ಓಡಿಹೋದರೆ ಕಥೆ ಮುಗಿಯಿತು ಅಂದುಕೊಳ್ಳಬೇಡಿ. ಬ್ರಿಟನ್‌ನಲ್ಲಿ ಮೋಟಾರು ವಿಮೆಗಾರರ ಬ್ಯೂರೋ ಇಂಥ ಗಾಯಾಳುಗಳಿಗಾಗಿಯೇ ಇದೆ. ಭಾರತದಲ್ಲಿ ಗುದ್ದಿ ಪರಾರಿ ಪ್ರಕರಣಗಳ ಯೋಜನೆಯಡಿ 2022ರ ಏಪ್ರಿಲ್‌ನಿಂದ ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಪೊಲೀಸ್ ದೂರು ಇಲ್ಲದಿದ್ದರೆ ಇಂಥ ಬಾಗಿಲುಗಳು ತೆರೆಯುವುದು ಕಷ್ಟ.

ಕೊನೆಗೆ ಆ ಕಾಗದ. ಗಾಯ ಪೂರ್ತಿ ವಾಸಿಯಾಗುವವರೆಗೆ, ಇಲ್ಲವೇ ಇನ್ನು ಇಷ್ಟೇ ವಾಸಿಯಾಗುವುದು ಎಂದು ಡಾಕ್ಟರ್ ಬರೆದುಕೊಡುವವರೆಗೆ ಅಂತಿಮ ಇತ್ಯರ್ಥಕ್ಕೆ ಸಹಿ ಹಾಕಬೇಡಿ. ಸೈಕಲ್‌ನ ಹಾನಿಗೆ ಮಾತ್ರ ಬೇರೆ ಇತ್ಯರ್ಥ ಮಾಡಿಕೊಳ್ಳಲು ಎಷ್ಟೋ ಸಲ ಸಾಧ್ಯ. ಆ ಕಾಗದದಲ್ಲಿ ಗಾಯದ ಮಾತು ನುಸುಳಿದೆಯಾ ನೋಡಿಕೊಳ್ಳಿ. ಇವತ್ತೇ ಸಹಿ ಬೇಕು ಎಂದರೆ, ಯಾಕೆ ಇವತ್ತೇ ಎಂದು ಬರಹದಲ್ಲಿ ಕೇಳಿ. ನನ್ನ ಜೊತೆ ಸೈಕಲ್ ಹೊಡೆಯುವ ಗೆಳೆಯನೊಬ್ಬ ಕಳೆದ ತಿಂಗಳು ಹೀಗೇ ಬಿದ್ದ, ಹೀಗೇ ಕೇಳಿದ. ಆ ಪ್ರಶ್ನೆಗೆ ಅವನಿಗೆ ಉತ್ತರ ಬರಲಿಲ್ಲ. ಎರಡು ವಾರ ಬಿಟ್ಟು ಇನ್ನೊಂದು ಕಾಗದ ಬಂತು, ಮೊತ್ತ ಮೊದಲಿನದಕ್ಕಿಂತ ಜಾಸ್ತಿ ಇತ್ತು. ಅದಕ್ಕೂ ಅವನಿನ್ನೂ ಸಹಿ ಹಾಕಿಲ್ಲ. ಎರಡನೇ ಎಕ್ಸ್‌ರೇ ಮುಂದಿನ ವಾರ ಇದೆ.