ಕೇಪಿನ ಬಂದೂಕಿನ ಸಾಮಾನು ಚೀಲ: ಯಾವುದು ಇರಲಿ, ಯಾವುದು ಬದಲಾಗಲಿ

ಮೂತಿಯಿಂದ ಮದ್ದು ತುಂಬಿ ಹೊಡೆಯುವ ಕೇಪಿನ ರೈಫಲ್‌ಗೆಂದು ‘ಸ್ಟಾರ್ಟರ್ ಕಿಟ್’ ಹೆಸರಿನಲ್ಲಿ ಸಿಗುವ ಚೀಲದಲ್ಲಿ ಎಂಟು ಹತ್ತು ಸಾಮಾನು ಇರುತ್ತವೆ. ಮದ್ದಿನ ಕುಪ್ಪಿ, ಹಿತ್ತಾಳೆಯ ಅಳತೆ ಕೊಳವೆ, ಕೇಪು (ಹ್ಯಾಮರ್ ಬಡಿದಾಗ ಸಿಡಿದು ಮದ್ದಿಗೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ಕೂರಿಸುವ ಕೇಪರ್, ಗುಂಡನ್ನು ಮೂತಿಯೊಳಗೆ ಇಳಿಸುವ ಗಿಡ್ಡ ಕೋಲು, ಗಜದ, ಅಂದರೆ ಮೂತಿಯಿಂದ ನಳಿಗೆಯೊಳಗೆ ಇಳಿಸುವ ಉದ್ದ ಕೋಲಿನ, ತುದಿಗೆ ಹಚ್ಚುವ ಜ್ಯಾಗ್ (ಒರೆಸುವ ಅರಿವೆ ಹಿಡಿಯುವ ಲೋಹದ ತುದಿ), ಗುಂಡು ಕೀಳುವ ತಿರುಪು, ನಿಪ್ಪಲ್ (ಕೇಪು ಕೂರುವ, ನಡುವೆ ತೂತಿರುವ ಮೊಳೆ) ಬಿಚ್ಚುವ ಪಾನಾ, ಗುಂಡಿಗೆ ಸುತ್ತಲು ಕತ್ತರಿಸಿಟ್ಟ ಅರಿವೆ ತುಂಡುಗಳು. ಇವುಗಳಲ್ಲಿ ಅಳತೆ ಕೊಳವೆ, ಕೇಪರ್ ಮತ್ತು ಗಿಡ್ಡ ಕೋಲು ಮಾತ್ರ ಇದ್ದ ಹಾಗೇ ಬಳಸಲು ಲಾಯಕ್ಕು. ಜ್ಯಾಗ್ ಮತ್ತು ಪಾನಾ ನಿಮ್ಮ ಬಂದೂಕಿಗೆ ಹೊಂದುತ್ತವೆಯೇ ಎಂದು ಅಳೆಯದೆ ಮುಟ್ಟಬಾರದು. ಅರಿವೆಯಂತೂ ಹುಬ್ಬಳ್ಳಿಯ ಪೇಟೆಯಲ್ಲೇ ಇದಕ್ಕಿಂತ ಒಳ್ಳೆಯದು ಸಿಗುತ್ತದೆ.

ಧಾರವಾಡ, ಹಾವೇರಿ ಕಡೆ ಪರವಾನಗಿ ಪುಸ್ತಕದಲ್ಲಿ ಎಸ್‌ಬಿಎಂಎಲ್ ಎಂದು ಬರೆದಿರುವ, ಅಂದರೆ ಒಂದೇ ನಳಿಗೆಯ ಮೂತಿ ತುಂಬುವ, ಬಂದೂಕಿಗೆ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆ ಇರುವುದಿಲ್ಲ. ಬೆಳೆ ಕಾಯುವುದಕ್ಕೆ ಮೂತಿ ತುಂಬುವ ಬಂದೂಕಿನ ಪರವಾನಗಿಯನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಹೆಸರಿಸಿಯೇ ಹೇಳುತ್ತದೆ. ಆದರೆ ಆ ಪರವಾನಗಿ ಬೇಟೆಯ ಅನುಮತಿಯಲ್ಲ. ರಾಣೆಬೆನ್ನೂರಿನ ಕೃಷ್ಣಮೃಗಗಳು ಹೊಲಕ್ಕಿಳಿದರೂ ಅವುಗಳ ಮೇಲೆ ಗುಂಡು ಹಾರಿಸುವಂತಿಲ್ಲ. ಕೆಳಗೆ ಹೇಳಿದ್ದರಲ್ಲಿ ಗುಂಡಿಗೆ ಸುತ್ತುವ ಅರಿವೆಯ ಮಾತು ಗೆರೆಯಿರುವ ರೈಫಲ್‌ಗೆ ಸೇರಿದ್ದು. ಉಳಿದದ್ದು ಎರಡಕ್ಕೂ ಒಂದೇ.

ಮೊದಲು ಅಳತೆ ಕೊಳವೆ. ಕರಿಮದ್ದನ್ನು ತೂಕದಿಂದಲ್ಲ, ಗಾತ್ರದಿಂದ ಅಳೆಯುವುದು ರೂಢಿ. ಹಿಗ್ಗಿಸಿ ಕುಗ್ಗಿಸುವ ಕೊಳವೆಯ ತಿರುಪು ಬಿಗಿಯಾಗಿ ನಿಲ್ಲಬೇಕು. ಅದು ಸಡಿಲಿದ್ದರೆ ಹತ್ತು ಸಲ ಕುಲುಕುವಷ್ಟರಲ್ಲಿ ಅಳತೆ ಜಾರಿರುತ್ತದೆ. ಎಷ್ಟು ಮದ್ದು ಎಂಬುದನ್ನು ಬಂದೂಕು ತಯಾರಿಸಿದವರ ಕೈಪಿಡಿ ಹೇಳಬೇಕು, ಪಕ್ಕದವರಲ್ಲ. ಕುಪ್ಪಿಯಿಂದ ನೇರವಾಗಿ ನಳಿಗೆಗೆ ಸುರಿಯುವುದು ಈ ಕೆಲಸದಲ್ಲೇ ಅತ್ಯಂತ ಅಪಾಯದ ತಪ್ಪು: ಹಿಂದಿನ ಹೊಡೆತದ ಕಿಡಿಯೊಂದು ತಳದಲ್ಲಿ ಉಳಿದಿದ್ದರೆ ಹೊತ್ತಿಕೊಳ್ಳುವುದು ಒಂದು ಅಳತೆಯ ಮದ್ದಲ್ಲ, ಕೈಯಲ್ಲಿರುವ ಇಡೀ ಕುಪ್ಪಿ. ಕುಪ್ಪಿಯಿಂದ ಕೊಳವೆಗೆ, ಕುಪ್ಪಿಯ ಬಾಯಿ ಮುಚ್ಚಿ, ಆಮೇಲೆ ಕೊಳವೆಯಿಂದ ನಳಿಗೆಗೆ. ಇನ್ನೊಂದು ಮಾತು. ಹನ್ನೆರಡು ಬೋರಿನ ತೋಟಾ ಒಡೆದು ಅದರ ಮದ್ದನ್ನು ಈ ಬಂದೂಕಿಗೆ ಹಾಕಲೇಬೇಡಿ. ಅದು ಹೊಗೆಯಿಲ್ಲದ ಮದ್ದು, ಅದರ ಒತ್ತಡಕ್ಕೆ ಈ ನಳಿಗೆ ಸೀಳುತ್ತದೆ.

ಗಜದ ವಿಷಯಕ್ಕೆ ಕಿಟ್ ಕೈ ಹಾಕುವುದೇ ಇಲ್ಲ, ದುಡ್ಡು ಹಾಕಬೇಕಾದ ಜಾಗ ಮಾತ್ರ ಇದೇ. ಕಟ್ಟಿಗೆಯ ಗಜವಾದರೆ ಎಳೆ ತುದಿಯಿಂದ ತುದಿಗೆ ನೆಟ್ಟಗೆ ಓಡಿರಬೇಕು. ಎಳೆ ಓರೆಯಾಗಿ ಪಕ್ಕಕ್ಕೆ ಹೊರಬಿದ್ದಿದ್ದರೆ ಅದೇ ಜಾಗದಲ್ಲಿ ಮುರಿದು, ಚೂಪಾದ ತುದಿ ಅಂಗೈಗೆ ನಾಟುತ್ತದೆ. ಮೂತಿಯಿಂದ ಒಂದು ಗೇಣಿಗಿಂತ ಮೇಲೆ ಹಿಡಿಯದೆ, ಗೇಣು ಗೇಣಾಗಿ ಒತ್ತಿ ಇಳಿಸುವುದು ಇದಕ್ಕೇ. ಗುರಿ ಅಭ್ಯಾಸಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಉದ್ದ ಗಜವನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಅದರ ಜೊತೆ ಮೂತಿಯ ಅಂಚು ಸವೆಯದಂತೆ ಹಿತ್ತಾಳೆಯ ಶಂಕು ಇರಲೇಬೇಕು. ಅಲ್ಯೂಮಿನಿಯಂ ಬೇಡ. ಮೆತ್ತಗಿರುವುದರಿಂದ ಮರಳಿನ ಕಣ ಅದರ ಮೈಗೆ ಕಚ್ಚಿಕೊಂಡು ನಳಿಗೆಯನ್ನು ಉಜ್ಜುತ್ತದೆ.

ಯಾವ ಗಜವೇ ಆಗಲಿ, ಅದರ ಮೇಲೆ ಎರಡು ಗುರುತು ಹಾಕಿ. ಖಾಲಿ ನಳಿಗೆಗೆ ಇಳಿಸಿದಾಗ ಮೂತಿಯ ಮಟ್ಟಕ್ಕೆ ಒಂದು, ಸರಿಯಾಗಿ ತುಂಬಿದ ಮೇಲೆ ಇನ್ನೊಂದು. ಬಂದೂಕು ತುಂಬಿದೆಯೋ ಇಲ್ಲವೋ, ಮದ್ದು ಎರಡು ಸಲ ಬಿತ್ತೋ, ಗುಂಡು ಅರ್ಧಕ್ಕೆ ನಿಂತಿತೋ ಎಂಬುದೆಲ್ಲ ಆ ಎರಡು ಗೆರೆಗಳಿಂದ ತಿಳಿಯುತ್ತದೆ. ಮದ್ದಿಗೂ ಗುಂಡಿಗೂ ನಡುವೆ ಸಂದು ಉಳಿದರೆ ಗುಂಡು ನಿಂತ ಜಾಗದಲ್ಲಿ ನಳಿಗೆ ಉಬ್ಬುತ್ತದೆ, ಇಲ್ಲವೇ ಒಡೆಯುತ್ತದೆ.

ಈಗ ಜ್ಯಾಗ್. ಹೊರದೇಶದ ಕಿಟ್‌ಗಳಲ್ಲಿ ಬರುವ ಜ್ಯಾಗ್, ತಿರುಪುಗಳಿಗೆ ಇಂಚಿನ ಲೆಕ್ಕದ 8-32 ಇಲ್ಲವೇ 10-32 ಥ್ರೆಡ್ ಇರುತ್ತದೆ. ಗೋಕುಲ ರಸ್ತೆಯ ಲೇತ್ ಅಂಗಡಿಯಲ್ಲಿ ಗಜದ ತುದಿ ಮಾಡಿಸಿದರೆ ಅವರು ಹಾಕುವುದು ಮಿಲಿಮೀಟರ್ ಲೆಕ್ಕದ ಎಂ4 ಅಥವಾ ಎಂ5. ಎಂ4 ತೂತಿಗೆ 8-32 ಒಂದೆರಡು ಸುತ್ತಿಗೇ ಕಚ್ಚಿಕೊಳ್ಳುತ್ತದೆ, ಹಾಗಾಗಿ ತಪ್ಪು ಕೂಡಲೇ ಗೊತ್ತಾಗುತ್ತದೆ. ಮೋಸ ಇರುವುದು ಎಂ5ರಲ್ಲಿ. 10-32ರ ದಪ್ಪ 4.83 ಮಿ.ಮೀ., ಸುತ್ತಿನ ಅಂತರ 0.79, ಎಂ5ರದು 5 ಮಿ.ಮೀ. ಮತ್ತು 0.8. ಜ್ಯಾಗ್ ಪೂರ್ತಿ ಒಳಗೆ ಹೋಗುತ್ತದೆ, ಕೂತಂತೆಯೂ ಕಾಣುತ್ತದೆ. ಒದ್ದೆ ಅರಿವೆ ಸುತ್ತಿ ಒಳಗೆ ತಳ್ಳಿ ಜೋರಾಗಿ ಎಳೆದ ದಿನ ಥ್ರೆಡ್ ಕಿತ್ತು, ಜ್ಯಾಗ್ ತಳದಲ್ಲೇ ಉಳಿಯುತ್ತದೆ. ಲೇತಿಗೆ ಹೋಗುವಾಗ ಜ್ಯಾಗನ್ನು ಕೈಯಲ್ಲೇ ಒಯ್ಯಿರಿ, ಅದಕ್ಕೆ ಸರಿಯಾದ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಇದ್ದರೆ ಮಾತ್ರ ಮಾಡಿಸಿ. ಗಜದ ಹಿತ್ತಾಳೆ ತುದಿಯನ್ನು ಅಂಟಿನಿಂದಷ್ಟೇ ಕೂರಿಸಿದರೆ ಸಾಲದು, ಅಡ್ಡ ಪಿನ್ನೂ ಬೇಕು.

ನಿಪ್ಪಲ್ಲಿನದೂ ಇದೇ ಕಥೆ, ಆದರೆ ಇಲ್ಲಿ ಪಣಕ್ಕಿರುವುದು ಕಣ್ಣು. 6×0.75 ಮಿ.ಮೀ. ನಿಪ್ಪಲ್ ಕಾಲಿಂಚು ದಪ್ಪದ, ಇಂಚಿಗೆ 28 ಥ್ರೆಡ್ಡಿನ ತೂತಿನಲ್ಲಿ ಸಡಿಲಾಗಿ ಕೂರುತ್ತದೆ, ಹೊಡೆದಾಗ ಹಿಂದಕ್ಕೆ ಚಿಮ್ಮಬಹುದು. ನಿಪ್ಪಲ್ ಬದಲಿಸುವ ಕೆಲಸವನ್ನು ಪರವಾನಗಿ ಇರುವ ಬಂದೂಕು ರಿಪೇರಿಯವರಿಗೇ ಕೊಡಿ, ಲೇತಿನವರಿಗಲ್ಲ. ಕಿಟ್ಟಿನ ಪಾನಾ ಬಹಳ ಸಲ ಮೆತ್ತನೆಯ ಎರಕದ್ದು. ಮಸಿ ಹಿಡಿದು ಬಿಗಿದ ನಿಪ್ಪಲ್ಲಿಗೆ ಹಾಕಿ ತಿರುವಿದರೆ ಪಾನಾದ ಬಾಯಿ ಅಗಲಿ, ನಿಪ್ಪಲ್ಲಿನ ಮೂಲೆಗಳೂ ಸವೆದು ಹೋಗುತ್ತವೆ. ಬಾಯಿ ಗಟ್ಟಿ ಉಕ್ಕಿನದಾಗಿರಬೇಕು, ಅಲುಗಾಡದಂತೆ ಕೂರಬೇಕು. ನಿಪ್ಪಲ್ಲಿನ ಕಟ್ಟಿದ ತೂತು ಬಿಡಿಸಲು ಸೀಮೆಎಣ್ಣೆ ಸ್ಟೋವಿನ ಪಿನ್ನು ಸಾಕು. ಡ್ರಿಲ್ ಬಿಟ್ ಬಳಸಿದರೆ ತೂತು ದೊಡ್ಡದಾಗಿ, ಹೊಡೆದಾಗ ಅನಿಲ ಹಿಂದಕ್ಕೆ ನುಗ್ಗಿ ಹ್ಯಾಮರನ್ನೇ ಮೇಲಕ್ಕೆತ್ತುತ್ತದೆ. ಕೇಪಿನ ಚೂರು ಪಕ್ಕಕ್ಕೂ ಹಾರುವುದರಿಂದ ಕನ್ನಡಕ ಕಡ್ಡಾಯ. ಕಿಟ್ಟಿನಲ್ಲಿ ಅದೂ ಇರುವುದಿಲ್ಲ.

ಅರಿವೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಗುರಿ ನೆಟ್ಟಗಾಗುವುದೂ ಕೆಡುವುದೂ ಇಲ್ಲೇ. 0.50 ಇಂಚಿನ ನಳಿಗೆಗೆ 0.490 ಇಂಚಿನ ಗುಂಡು, ಅದಕ್ಕೆ 0.015 ಇಂಚು ದಪ್ಪದ ಅರಿವೆ ರೂಢಿಯ ಜೋಡಿ. ನಮ್ಮ ಲೆಕ್ಕದಲ್ಲಿ ನಳಿಗೆ 12.70 ಮಿ.ಮೀ., ಗುಂಡು 12.45, ಅರಿವೆ 0.38. ಗುಂಡಿನ ಸುತ್ತ ಉಳಿಯುವ ಸಂದು ಬರೀ 0.13 ಮಿ.ಮೀ. ಅರಿವೆ ಅಷ್ಟರಲ್ಲಿ ಅದುಮಿಕೊಂಡು ಗೆರೆಗಳೊಳಗೂ ತುಂಬಬೇಕು. ಹಾಗಾಗಿ ನೇಯ್ಗೆ ಬಿಗಿ, ದಪ್ಪ ಒಂದೇ ಸಮ ಇರಬೇಕು. ಗಾದಿ, ಲೋಡು ಹೊಲಿಯುವ ಪಟ್ಟಾಪಟ್ಟಿ ಬಟ್ಟೆ ಇದಕ್ಕೆ ಹೇಳಿ ಮಾಡಿಸಿದ್ದು. ಪರದೇಶದ ಗುರಿಕಾರರು ಬಳಸುವುದೂ ಇದೇ ಜಾತಿಯ ಬಟ್ಟೆ. ದುರ್ಗದಬೈಲಿನ ಸುತ್ತ ಅರಿವೆ ಅಂಗಡಿಗಳಲ್ಲಿ ಕೇಳುವಾಗ ದಪ್ಪ ಅಳೆಯುವ ವರ್ನಿಯರ್ ಕಿಸೆಯಲ್ಲಿರಲಿ, ಎಳೆಯೊಂದನ್ನು ಕಿತ್ತು ಸುಟ್ಟೂ ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತದೆ, ನಳಿಗೆಯೊಳಗೂ ಹಾಗೆಯೇ ಕರಗಿ ಅಂಟುತ್ತದೆ. ತಂದ ಬಟ್ಟೆಯನ್ನು ಗಂಜಿ ಹೋಗುವ ತನಕ ಎರಡು ಸಲ ಒಗೆದು ಒಣಗಿಸಿ, 32 ಮಿ.ಮೀ. ಅಗಲದ ತುಂಡು ಮಾಡಿ. ಕೈನೂಲಿನ ಖಾದಿಯ ಎಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳು; ಅದನ್ನೂ ಮಾದರಪಾಟವನ್ನೂ ನಳಿಗೆ ಒರೆಸಲು ಇಟ್ಟುಕೊಳ್ಳಿ.

ಅರಿವೆಗೆ ಹಚ್ಚಲು ಜೇನುಮೇಣವನ್ನು ಔಡಲೆಣ್ಣೆಯೊಡನೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದ ಮುಲಾಮು ಸಾಕು. ಬೇಸಿಗೆಗೆ ಮೇಣ ಸ್ವಲ್ಪ ಹೆಚ್ಚು, ಚಳಿಗೆ ಕಡಿಮೆ. ಎಂಜಿನ್ ಎಣ್ಣೆ, ಗ್ರೀಸು ಕರಿಮದ್ದಿನ ಮಸಿಯೊಡನೆ ಸೇರಿ ಡಾಂಬರಿನಂತಾಗುತ್ತವೆ. ಗದಗ ಕಡೆಯ ಏಪ್ರಿಲ್ ಬಿಸಿಲಿನ ಒಣ ಹವೆಗೆ ಮಸಿ ಪೊರೆಗಟ್ಟಿ ಗಡಸಾಗುತ್ತದೆ, ಮೂರು ನಾಲ್ಕು ಹೊಡೆತಕ್ಕೇ ಗುಂಡು ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಆಗ ಗಜಕ್ಕೆ ಸುತ್ತಿಗೆ ಹಾಕುವುದಲ್ಲ, ಹೊಡೆತಕ್ಕೊಮ್ಮೆ ತುಸು ಒದ್ದೆ ಅರಿವೆ, ಹಿಂದೆಯೇ ಒಣ ಅರಿವೆ ಆಡಿಸಬೇಕು.

ಹೊಡೆದ ಮೇಲೆ ಮುಂದೆ ಹತ್ತು ಹದಿನೈದು ಹೆಜ್ಜೆಯಲ್ಲಿ ಬಿದ್ದಿರುವ ಅರಿವೆ ತುಂಡುಗಳನ್ನು ಆರಿಸಿ ತನ್ನಿ. ನಡುವೆ ಮಸಿ, ಅಂಚು ಸ್ವಲ್ಪ ಬಿಚ್ಚಿದ್ದರೆ ಎಲ್ಲ ಸರಿಯಿದೆ. ನಡುವೆ ಸುಟ್ಟು ತೂತಾಗಿದ್ದರೆ ಅರಿವೆ ತೆಳು, ಇಲ್ಲವೇ ಮುಲಾಮು ಸಾಲದು. ಬ್ಲೇಡಿನಿಂದ ಕೊಯ್ದಂಥ ಗೆರೆಗಳಿದ್ದರೆ ಮೂತಿಯ ಅಂಚೋ ಒಳಗೆರೆಯೋ ಹರಿತವಾಗಿದೆ, ಅಲ್ಲಿ ಅರಿವೆ ಬದಲಿಸಿ ಪ್ರಯೋಜನವಿಲ್ಲ.

ಗುಂಡಿಗೆ ಮೆತ್ತನೆಯ ಶುದ್ಧ ಸೀಸವೇ ಬೇಕು. ಹಳೆಯ ಬ್ಯಾಟರಿಯ ಸೀಸ ಕರಗಿಸುವುದು ಆರೋಗ್ಯಕ್ಕೆ ವಿಷ. 0.490 ಗುಂಡು ಸುಮಾರು 11.45 ಗ್ರಾಂ ತೂಗಬೇಕು, ಪತ್ತಾರರ ತಕ್ಕಡಿಯಲ್ಲಿ ಹಗುರ ಕಂಡದ್ದರ ಒಳಗೆ ಗಾಳಿಗುಳ್ಳೆ ಇರುತ್ತದೆ. ಗಿಡ್ಡ ಕೋಲು ಕಿಟ್ಟಿನದೇ ಸಾಕು. ಗುಂಡು ಕೀಳುವ ತಿರುಪಿಗೆ ನಳಿಗೆಯ ಅಳತೆಯ ಹಿತ್ತಾಳೆ ಕೊರಳಿರಬೇಕು, ಇಲ್ಲವಾದರೆ ತಿರುಪು ಗುಂಡಿನ ನಡುವಿಗೆ ಕೂರದೆ ನಳಿಗೆಯ ಗೋಡೆಯನ್ನು ಕೊರೆಯುತ್ತದೆ. ಕೇಪು ಸಿಡಿದು ಮದ್ದು ಹೊತ್ತದಿದ್ದರೆ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ. ಆಮೇಲೂ ಗುಂಡು ಕೀಳುವ ಮುನ್ನ ಕೇಪು ತೆಗೆದು, ನಿಪ್ಪಲ್ಲಿನ ದಾರಿಯಿಂದ ನೀರು ಹಾಕಿ ಮದ್ದನ್ನು ನೆನೆಸಿ.

ಕಿಟ್ಟಿನ ದುಬಾರಿ ಸಾಲ್ವೆಂಟ್ ಬಾಟಲಿ ಬೇಕಾಗಿಲ್ಲ. ಕರಿಮದ್ದಿನ ಮಸಿ ನೀರಿಗೇ ಕರಗುತ್ತದೆ: ಬಿಸಿನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು, ಆಮೇಲೆ ಬರೀ ಬಿಸಿನೀರು, ಒಣ ಅರಿವೆ, ಕೊನೆಗೆ ಎಣ್ಣೆ. ಹೊಡೆದ ದಿನವೇ ಮಾಡಬೇಕು. ಮಸಿ ತೇವ ಹೀರುವುದರಿಂದ ಧಾರವಾಡದ ಮಳೆಗಾಲದಲ್ಲಿ ಒಂದು ರಾತ್ರಿಗೇ ತುಕ್ಕು ಕಾಣುತ್ತದೆ. ಮರುದಿನ ಒಣ ಅರಿವೆ ಆಡಿಸಿ, ಕೆಂಪು ಬಂದರೆ ಮತ್ತೆ ತೊಳೆಯಿರಿ. ಚುನಾವಣೆಗೆಂದು ಬಂದೂಕನ್ನು ಠಾಣೆಗೆ ಒಪ್ಪಿಸುವವರು ಇದರಲ್ಲೇ ಎಡವುತ್ತಾರೆ. ಎರಡು ಮೂರು ತಿಂಗಳು ಯಾರೂ ಮುಟ್ಟುವುದಿಲ್ಲವಾದ್ದರಿಂದ ಎಣ್ಣೆ ದಪ್ಪಗೇ ಬಳಿದು ಕೊಡಿ. ಮರಳಿ ತಂದ ಮೇಲೆ ಒಂದು ರಾತ್ರಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಬೆಳಿಗ್ಗೆ ನಳಿಗೆಯನ್ನು ಒಣ ಅರಿವೆಯಿಂದ ಒರೆಸಿ, ತುಂಬುವ ಮುನ್ನ ಸುರಕ್ಷಿತ ಜಾಗದಲ್ಲಿ ಬರೀ ಎರಡು ಕೇಪು ಸಿಡಿಸಿ. ಮೂತಿಯೆದುರಿನ ಹುಲ್ಲುಕಡ್ಡಿ ಅಲುಗಿದರೆ ದಾರಿ ಬಿಡುವಾಗಿದೆ. ಅಲುಗದಿದ್ದರೆ ಎಣ್ಣೆ ಇನ್ನೂ ತಳದಲ್ಲಿ ಕೂತಿದೆ.