ಜಿಂಕೆಗೆ ಕಾಳೆರಚುವ ಯಂತ್ರ: ಕೊಡಗಿನ ತೋಟಕ್ಕೆ ಇದು ಬೇಕೆ?

ಅತಿಥಿಗಳಿಗೆ ಬೆಳಗಿನ ಕಾಫಿಯ ಹೊತ್ತಿಗೆ ಜಿಂಕೆ ತೋರಿಸಬೇಕೆಂಬ ಆಸೆಯಿಂದ, ದಕ್ಷಿಣ ಕೊಡಗಿನಲ್ಲಿ ಹೋಂಸ್ಟೇ ನಡೆಸುವ ನಮ್ಮ ನೆಂಟರೊಬ್ಬರು ಅಮೆರಿಕದ ಮಾದರಿಯ ಒಂದು ಮೇವಿನ ಫೀಡರ್ ತರಿಸಿದ್ದರು. ಅದನ್ನು ತೋಟದಂಚಿನಲ್ಲಿ ನಿಲ್ಲಿಸುವ ಮೊದಲು ಒಮ್ಮೆ ನೋಡಿ ಹೇಳಿ ಎಂದು ಕೇಳಿದ್ದರಿಂದ, ಸುತ್ತ ಗೋಡೆಯಿರುವ ನಮ್ಮ ಕಾಫಿ ಕಣದಲ್ಲಿ, ಯಾವ ಕಾಡುಪ್ರಾಣಿಯೂ ಒಳಬಾರದ ಜಾಗದಲ್ಲಿ, ಅದನ್ನು ಜೋಡಿಸಿ ಓಡಿಸಿ ನೋಡಿದೆವು. ಈ ವಿಮರ್ಶೆಯಲ್ಲಿ ಆ ಯಂತ್ರದ ಗುಣದೋಷಗಳನ್ನು ಮೊದಲು ಹೇಳಿ, ಅದು ನಮ್ಮ ಜಿಲ್ಲೆಗೆ ಹೊಂದುತ್ತದೆಯೇ ಎಂಬುದನ್ನು ಆಮೇಲೆ ನೋಡುತ್ತೇನೆ. ನನ್ನ ತೀರ್ಮಾನವನ್ನು ಮರೆಮಾಚುವುದಿಲ್ಲ: ಯಂತ್ರ ಚೆನ್ನಾಗಿದೆ, ಆದರೆ ಕೊಡಗಿನ ಕಾಡಂಚಿನಲ್ಲಿ ಅದನ್ನು ನಿಲ್ಲಿಸಬಾರದು.

ಮೂರು ಕಬ್ಬಿಣದ ಕಾಲುಗಳ ಮೇಲೆ ಒಂದು ಡ್ರಮ್ಮು, ಅದರ ತಳದಲ್ಲಿ ಸಣ್ಣ ತೂತು, ತೂತಿನ ಕೆಳಗೆ ಮೋಟಾರಿಗೆ ಕೂಡಿಸಿದ ತಟ್ಟೆ, ಪಕ್ಕದಲ್ಲಿ ಬ್ಯಾಟರಿ ಮತ್ತು ಟೈಮರ್ ಇರುವ ಪೆಟ್ಟಿಗೆ, ಹೊರಗೆ ಅಂಗೈಯಗಲದ ಸೋಲಾರ್ ಪ್ಯಾನೆಲ್. ಇಷ್ಟೇ ಇದರ ರಚನೆ. ನಿಗದಿಪಡಿಸಿದ ಹೊತ್ತಿಗೆ ತಟ್ಟೆ ಗಿರ್ರನೆ ತಿರುಗಿ ಕಾಳನ್ನು ಸುತ್ತಲೂ ಎರಚುತ್ತದೆ. ಅಮೆರಿಕದಲ್ಲಿ, ಅದರಲ್ಲೂ ಟೆಕ್ಸಾಸ್‌ನಲ್ಲಿ, ಬಿಳಿಬಾಲದ ಜಿಂಕೆಯನ್ನು ಬೇಟೆಗಾರನ ಅಟ್ಟಣೆಯ ಮುಂದಕ್ಕೆ ತರಲು ಬಳಕೆಗೆ ಬಂದ ಸಾಧನವಿದು. ಅಲ್ಲಿ ದೊಡ್ಡ ಮಾದರಿಗಳಿಗೆ 200 ಲೀಟರಿನಷ್ಟು ಹಿಡಿಸುವ ಡ್ರಮ್ ಇರುತ್ತದೆ. ಅದನ್ನು ತುಂಬಲು ಸುಮಾರು 150 ಕಿಲೋ ಮುಸುಕಿನ ಜೋಳ ಬೇಕು. ನೆಂಟರು ತರಿಸಿದ್ದು ಅದಕ್ಕಿಂತ ಚಿಕ್ಕದು.

ಕಣದಲ್ಲಿ ಅದು ಹೇಳಿದ ಕೆಲಸವನ್ನು ಹೇಳಿದ ಹಾಗೆಯೇ ಮಾಡಿತು. ಟೈಮರ್ ಹೊತ್ತು ತಪ್ಪಲಿಲ್ಲ, ಮತ್ತು ಎಷ್ಟು ಸೆಕೆಂಡು ತಿರುಗಬೇಕೆಂದು ಹೊಂದಿಸುವುದು ನಮ್ಮ ತೋಟದ ಲೆಕ್ಕ ಬರೆಯುವ ರೈಟರ್‌ಗೂ ಕೂಡಲೇ ತಿಳಿಯಿತು. ಚೆನ್ನಾಗಿ ಒಣಗಿದ, ಜರಡಿ ಹಿಡಿದ ಕಾಳಾದರೆ ಸರಾಗವಾಗಿ ಇಳಿಯುತ್ತದೆ. ಹೊಟ್ಟು ಅಥವಾ ನುಚ್ಚು ಬೆರೆತಿದ್ದರೆ ತೂತಿನ ಬಾಯಲ್ಲಿ ಕಟ್ಟಿಕೊಂಡು ಮೋಟಾರು ಬರಿದೇ ಸುತ್ತುತ್ತದೆ. ಮಳೆಗಾಲ ಕಾಲಿಟ್ಟ ಮೇಲೆ ಎರಡು ದೌರ್ಬಲ್ಯಗಳು ಎದ್ದು ಕಂಡವು. ಮೋಡ ಕವಿದ ವಾರಗಳಲ್ಲಿ ಪ್ಯಾನೆಲ್ಲು ಬ್ಯಾಟರಿಯನ್ನು ತುಂಬಲಾರದು, ಹಾಗಾಗಿ ಬ್ಯಾಟರಿಯನ್ನು ಬಿಚ್ಚಿ ಮನೆಯಲ್ಲಿ ಚಾರ್ಜ್ ಮಾಡಬೇಕಾಗುತ್ತದೆ. ಮುಚ್ಚಳದ ಅಂಚಿನಿಂದ ನೀರು ಒಳಗಿಳಿಯದಿದ್ದರೂ ಗಾಳಿಯ ತೇವ ಇಳಿಯುತ್ತದೆ, ಡ್ರಮ್ಮಿನ ಒಳಗೋಡೆ ಬೆವರುತ್ತದೆ, ತಳದ ಜೋಳ ಮುದ್ದೆಯಾಗುತ್ತದೆ. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಮಡಿಕೇರಿಯ ಕಡೆ ಈ ತೊಂದರೆ ಇನ್ನೂ ಹೆಚ್ಚೇ ಇದ್ದೀತು.

ಫೀಡರಿನ ಉಳಿದೆರಡು ಬಗೆಗಳ ಬಗ್ಗೆ ಚುಟುಕಾಗಿ ಹೇಳಬಹುದು. ಮೋಟಾರಿಲ್ಲದೆ, ತಿಂದಷ್ಟೂ ಮೇಲಿನಿಂದ ತಾನೇ ಇಳಿಯುವ ಕೊಳವೆ ಫೀಡರ್ ಅಗ್ಗ, ಕೆಡುವ ಭಾಗಗಳೂ ಇಲ್ಲ. ಪಿವಿಸಿ ಪೈಪಿನಲ್ಲಿ ಮನೆಯಲ್ಲೇ ಮಾಡಿಕೊಳ್ಳುವವರಿದ್ದಾರೆ. ಆದರೆ ಅದಕ್ಕೆ ಮಿತಿಯೆಂಬುದಿಲ್ಲ, ಮೊದಲು ಬಂದ ಪ್ರಾಣಿ ಹೊಟ್ಟೆ ಬಿರಿಯುವಷ್ಟು ತಿನ್ನಬಹುದು. ತೆರೆದ ಬಾನಿಯಂತಹ ತೊಟ್ಟಿ ತೊಳೆಯಲು ಸುಲಭ, ಹಸಿಮೇವಿಗೂ ಆಗುತ್ತದೆ, ಆದರೆ ಸೂರಿಲ್ಲದ ಕಡೆ ನಮ್ಮ ಮಳೆಗೆ ಅದು ಒಂದು ದಿನವೂ ತಾಳುವುದಿಲ್ಲ.

ಯಂತ್ರಕ್ಕಿಂತ ಮುಖ್ಯವಾದ ವಿಷಯ ಅದರೊಳಗೆ ಹಾಕುವ ತಿನಿಸು. ಜಿಂಕೆ ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಯ ಮೊದಲ ಕೋಣೆಯಲ್ಲಿರುವ ಸೂಕ್ಷ್ಮಜೀವಿಗಳು ಆಯಾ ಕಾಲದ ಹುಲ್ಲು, ಚಿಗುರು, ಕಾಯಿಗಳಿಗೆ ಒಗ್ಗಿಕೊಂಡಿರುತ್ತವೆ. ಅಂತಹ ಹೊಟ್ಟೆಗೆ ಒಮ್ಮೆಲೇ ಪಿಷ್ಟ ತುಂಬಿದ ಜೋಳ ಬಿದ್ದರೆ ಅದು ಬೇಗನೆ ಹುಳಿತು ಲ್ಯಾಕ್ಟಿಕ್ ಆಮ್ಲವಾಗುತ್ತದೆ, ಹೊಟ್ಟೆಯ ಗೋಡೆ ಸುಡುತ್ತದೆ, ಪ್ರಾಣಿ ನೀರಿಲ್ಲದೆ ಸೊರಗಿ ಸಾಯಲೂಬಹುದು. ಹಸುವೊಂದು ಅಕ್ಕಿಯ ಮೂಟೆಗೆ ಬಾಯಿ ಹಾಕಿದ ಮರುದಿನ ಪಶುವೈದ್ಯರನ್ನು ಕರೆಸಿದ ಅನುಭವ ಇರುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉತ್ತರ ಅಮೆರಿಕದ ಚಳಿಗಾಲದಲ್ಲಿ, ಜನರು ಕನಿಕರದಿಂದ ಸುರಿದ ಜೋಳವನ್ನು ತಿಂದು ಹೊಟ್ಟೆ ತುಂಬಿರುವಾಗಲೇ ಜಿಂಕೆಗಳು ಸತ್ತಿರುವುದು ಅಲ್ಲಿನ ವನ್ಯಜೀವಿ ಇಲಾಖೆಗಳಿಗೆ ಚೆನ್ನಾಗಿ ತಿಳಿದಿರುವ ಸಂಗತಿ. ಇನ್ನು ಜೋಳದಲ್ಲಿ ಸಸಾರಜನಕ ಇರುವುದೇ ನೂರಕ್ಕೆ ಎಂಟೊಂಬತ್ತು ಪಾಲು. ಕೊಂಬು ಬೆಳೆಸುವ ಗಂಡಿಗಾಗಲಿ, ಹಾಲೂಡಿಸುವ ಹೆಣ್ಣಿಗಾಗಲಿ ಅದು ಒಳ್ಳೆಯ ಆಹಾರವೇ ಅಲ್ಲ.

ಬೂಷ್ಟಿನ ಮಾತನ್ನು ಬೇರೆಯಾಗಿಯೇ ಹೇಳಬೇಕು. ಕಾಳಿನ ತೇವಾಂಶ ನೂರಕ್ಕೆ ಹದಿಮೂರು ಹದಿನಾಲ್ಕನ್ನು ಮೀರಿದರೆ ಶಿಲೀಂಧ್ರಗಳು ಬೆಳೆಯತೊಡಗುತ್ತವೆ, ಮತ್ತು ಅವುಗಳಲ್ಲಿ ಕೆಲವು ಅಫ್ಲಟಾಕ್ಸಿನ್ ಎಂಬ ವಿಷವನ್ನು ಬಿಡುತ್ತವೆ. ಅದು ಯಕೃತ್ತನ್ನು ಹಾಳುಮಾಡುತ್ತದೆ, ಹಕ್ಕಿಗಳ ಮೇಲೆ ಅದರ ಪರಿಣಾಮ ಇನ್ನೂ ಕಟು. ಫೀಡರ್ ಎರಚಿದ ಕಾಳು ಜಿಂಕೆಗಷ್ಟೇ ಮೀಸಲಾಗಿ ಬೀಳುವುದಿಲ್ಲ. ಕಾಡುಕೋಳಿ, ನವಿಲು, ಚೋರೆ ಹಕ್ಕಿಗಳು ಅದನ್ನು ಹೆಕ್ಕುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ನೆಲಕ್ಕೆ ಬಿದ್ದ ಜೋಳ ಒಣಗಿ ಉಳಿಯುವ ಮಾತೇ ಇಲ್ಲ.

ಹಾಗಾದರೆ ಯಾವ ಜಿಂಕೆ ಬರುತ್ತದೆ ಎಂಬ ಪ್ರಶ್ನೆ. ನಾಗರಹೊಳೆಯ ಅಂಚಿಗೆ ಹೊಂದಿದ ಊರುಗಳಲ್ಲಿ ಹಿಂಡಾಗಿ ತಿರುಗುವ ಚುಕ್ಕೆ ಜಿಂಕೆಗಳಿವೆ, ಅವು ಈ ಶಬ್ದಕ್ಕೆ ಒಗ್ಗಿಕೊಂಡು ಬರಲೂಬಹುದು. ಆದರೆ ದಟ್ಟ ನೆರಳಿನ ಕಾಫಿ ತೋಟಗಳಲ್ಲಿ ಹೆಚ್ಚಾಗಿ ಇರುವುದು ಒಂಟಿಯಾಗಿ ಸುಳಿಯುವ, ಸಣ್ಣ ಸದ್ದಿಗೂ ಬೊಗಳಿ ಓಡುವ ಕಾಡುಕುರಿ ಮತ್ತು ಕತ್ತಲಾದ ಮೇಲೆ ಹೊರಡುವ ಕಡವೆ. ಮೋಟಾರು ಗಿರ್ರೆಂದರೆ ಇವೆರಡೂ ಹತ್ತಿರ ಬರುವ ಬದಲು ದೂರ ಸರಿಯುವುದೇ ಹೆಚ್ಚು. ಕಾಳು ಬೀಳುವ ವರ್ತುಲಕ್ಕೆ ಬೇಕಾದ ಬಯಲೂ ತೋಟದಲ್ಲಿ ಇರುವುದಿಲ್ಲ, ಅರ್ಧ ಜೋಳ ಕಾಫಿ ಗಿಡದ ಬುಡ ಸೇರುತ್ತದೆ.

ತಪ್ಪದೆ ಬರುವವರು ಬೇರೆ. ಕಾಡುಹಂದಿ ಮೊದಲ ರಾತ್ರಿಯೇ ಬರುತ್ತದೆ ಎಂದುಕೊಳ್ಳಿ. ಟೆಕ್ಸಾಸ್‌ನಲ್ಲೂ ಹಂದಿಯ ಕಾಟವಿದೆ. ಅಲ್ಲಿ ಫೀಡರಿನ ಸುತ್ತ ಎದೆಮಟ್ಟಕ್ಕಿಂತ ಕೆಳಗಿನ ಗಟ್ಟಿ ಜಾಲರಿ ಹಾಕುತ್ತಾರೆ, ಜಿಂಕೆ ಅದನ್ನು ಹಾರಿ ಬರುತ್ತದೆ, ಹಂದಿ ಹೊರಗುಳಿಯುತ್ತದೆ. ಇಲ್ಲಿ ಆ ಉಪಾಯಕ್ಕೆ ಅರ್ಥವಿಲ್ಲ, ಏಕೆಂದರೆ ನಮ್ಮಲ್ಲಿ ಆನೆಯಿದೆ. ಹಲಸು, ಬಾಳೆ, ಭತ್ತದ ವಾಸನೆಗೆ ಆನೆ ಎಷ್ಟು ದೂರದಿಂದ ಬರುತ್ತದೆ ಎಂಬುದು ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ ಕಡೆಯ ತೋಟದವರಿಗೆ ಗೊತ್ತು. ಆನೆ ಬಾರದಿರಲೆಂದು ಹಲಸಿನ ಕಾಯಿಗಳನ್ನು ಎಳೆಯದರಲ್ಲೇ ಕಿತ್ತುಹಾಕುವ ನಾವು, ಅದೇ ತೋಟದಲ್ಲಿ ಮೂಟೆಗಟ್ಟಲೆ ಜೋಳವನ್ನು ಮೂರು ಕಾಲಿನ ಮೇಲೆ ಎತ್ತಿ ನಿಲ್ಲಿಸುವುದು ಎಷ್ಟು ಸರಿ? ಆನೆಗೆ ಆ ಡ್ರಮ್ಮು ಒಂದು ನಿಮಿಷದ ಕೆಲಸ. ಆಮೇಲೆ ಅದು ಬರುವ ದಾರಿಯಲ್ಲಿ, ಬೆಳಗಿನ ಮಂಜಿನಲ್ಲಿ, ಕೆಲಸಕ್ಕೆಂದು ನಡೆದು ಬರುವವರು ನಮ್ಮ ಲೈನ್ ಮನೆಯ, ಅಂದರೆ ತೋಟದಾಳುಗಳ ಸಾಲುಮನೆಯ, ಹೆಂಗಸರು. ಈ ಒಂದು ಕಾರಣ ನನಗೆ ಉಳಿದೆಲ್ಲಕ್ಕಿಂತ ಭಾರವಾಗಿ ಕಾಣುತ್ತದೆ. ಜಿಂಕೆ ಗುಂಪುಗೂಡಿದ ಕಡೆ ಚಿರತೆ, ಸೀಳುನಾಯಿ, ಹುಲಿಗಳೂ ಸುಳಿಯುತ್ತವೆ. ಕುಟ್ಟ, ಶ್ರೀಮಂಗಲ ಭಾಗಗಳಲ್ಲಿ ಹುಲಿ ಹಸು ಹಿಡಿದ ಸುದ್ದಿ ಹೊಸದೇನಲ್ಲ. ಪಕ್ಕದ ಗದ್ದೆಯವನು ತನ್ನ ಭತ್ತದ ಸಸಿಯನ್ನು ಕಡವೆಯಿಂದ ಕಾಯಲು ರಾತ್ರಿ ಎಚ್ಚರವಿರುವಾಗ, ನಾವು ಅದನ್ನು ಕರೆದು ತರುವುದು ನೆರೆಹೊರೆಯ ನ್ಯಾಯವೂ ಅಲ್ಲ.

ರೋಗದ ವಿಚಾರದಲ್ಲಿ ಅಮೆರಿಕದವರು ಕಲಿತಿರುವುದನ್ನು ನಾವು ಕೇಳಿಸಿಕೊಳ್ಳಬೇಕು. ಜಿಂಕೆಗಳ ಮೆದುಳನ್ನು ತಿನ್ನುವ, ಮದ್ದಿಲ್ಲದ, ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಎಂದು ಕರೆಯುವ ಕಾಯಿಲೆ 1967ರಲ್ಲಿ ಕೊಲೊರಾಡೋದ ಸಂಶೋಧನಾ ಆವರಣವೊಂದರ ಜಿಂಕೆಗಳಲ್ಲಿ ಮೊದಲು ಗಮನಕ್ಕೆ ಬಂತು. ಜೊಲ್ಲು, ಮೂತ್ರ, ಸಗಣಿಯ ಮೂಲಕ ಹರಡುವ ಅದರ ಕಾರಕ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮಿಷಿಗನ್‌ನಲ್ಲಿ ಜಿಂಕೆಗಳಲ್ಲಿ ಕ್ಷಯ ಕಾಣಿಸಿಕೊಂಡಾಗಲೂ, ಒಂದೇ ಕಡೆ ಸುರಿದ ಮೇವಿಗೆ ಅವು ಮೂತಿ ತಾಗಿಸಿ ನಿಲ್ಲುವುದು ರೋಗ ಹರಡಲು ಕಾರಣವೆಂದು ಗುರುತಿಸಲಾಯಿತು. ಈ ಕಾರಣಗಳಿಂದಲೇ ಫೀಡರ್ ಹುಟ್ಟಿದ ದೇಶದ ಹಲವು ರಾಜ್ಯಗಳು ಅದನ್ನು ನಿರ್ಬಂಧಿಸಿವೆ. ನಮ್ಮಲ್ಲಿ ಕಾಲುಬಾಯಿ ಜ್ವರ ಒಂದೇ ಸಾಕು: ಅದು ಹಸುವಿಗೂ ಬರುತ್ತದೆ, ಜಿಂಕೆಗೂ ಬರುತ್ತದೆ. ಬಿಟ್ಟ ದನ ಮತ್ತು ಕಾಡಿನ ಜಿಂಕೆ ಒಂದೇ ವರ್ತುಲದಲ್ಲಿ ಕಾಳು ಹೆಕ್ಕುವಂತೆ ಮಾಡುವುದು ಎರಡಕ್ಕೂ ಕೇಡು.

ಕಾನೂನಿನ ಮಾತು ಚಿಕ್ಕದು, ಆದರೆ ಗಟ್ಟಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎರಡನೆಯ ಸೆಕ್ಷನ್ನಿನಲ್ಲಿ ಬೇಟೆ ಎಂಬುದಕ್ಕೆ ಕೊಟ್ಟಿರುವ ಅರ್ಥದೊಳಗೆ ಕೊಲ್ಲುವುದು, ಹಿಡಿಯುವುದು, ಉರುಳು ಹಾಕುವುದರ ಜೊತೆಗೆ ಪ್ರಾಣಿಗೆ ಆಮಿಷ ಒಡ್ಡುವುದೂ ಸೇರಿದೆ. ಫೋಟೋ ತೆಗೆಯಲೆಂದೇ ಜೋಳ ಹಾಕಿದೆ ಎಂದು ವಾದಿಸಬಹುದು. ಆದರೆ ಹಲವು ಮನೆಗಳಲ್ಲಿ ಕೋವಿ ಇರುವ ಜಿಲ್ಲೆಯಲ್ಲಿ, ತೋಟದಂಚಿನಲ್ಲಿ ಬೇಟೆಗೆಂದೇ ರೂಪಿಸಿದ ಫೀಡರ್ ನಿಂತಿದ್ದರೆ, ಅರಣ್ಯ ಇಲಾಖೆಯವರು ಅದು ಬೇಟೆಗಲ್ಲವೆಂದು ನಂಬಬೇಕೆಂದು ನಿರೀಕ್ಷಿಸುವುದು ಸಲ್ಲದು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜಿಸುವ ನಮ್ಮ ಜನಕ್ಕೆ, ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ಆ ಹಕ್ಕನ್ನು ಕಳಂಕವಿಲ್ಲದೆ ಉಳಿಸಿಕೊಳ್ಳುವ ಹೊಣೆಯೂ ಇದೆ.

ಜಿಂಕೆಗೆ ಮೇವಿಡುವುದು ಸರಿಯಾದ ಕೆಲಸವಾಗುವುದು ಅನುಮತಿ ಪಡೆದ ಆವರಣಗಳಲ್ಲಿ ಮಾತ್ರ, ಅಲ್ಲಿ ಅವುಗಳಿಗೆ ಬೇರೆ ಗತಿಯಿಲ್ಲ. ಅಂತಹ ಕಡೆಗೂ ನಾನು ಎರಚುವ ಯಂತ್ರವನ್ನು ಸೂಚಿಸುವುದಿಲ್ಲ. ಸೂರಿನಡಿ, ಒಂದಕ್ಕೊಂದು ದೂರದಲ್ಲಿ ಇಟ್ಟ ಹಲವು ತೊಟ್ಟಿಗಳಿರಲಿ, ಆಗ ಕೊಂಬಿನ ಗಂಡು ಒಂದನ್ನು ಆಳುತ್ತಿದ್ದರೂ ಮರಿಗಳಿಗೆ ಇನ್ನೊಂದು ಸಿಗುತ್ತದೆ. ಹಸಿಹುಲ್ಲಿಗೆ ನೆಲದಿಂದ ಎತ್ತರದ ಚೌಕಟ್ಟಿರಲಿ, ಉಳಿದದ್ದನ್ನು ದಿನವೂ ತೆಗೆದು ತೊಳೆಯಲಿ. ಮಕ್ಕಳಿಗೆ ಜಿಂಕೆಯನ್ನು ಹತ್ತಿರದಿಂದ ತೋರಿಸಬೇಕೆನ್ನುವ ಅತಿಥಿಗಳನ್ನು ಕುಶಾಲನಗರದ ಬಳಿಯ ಕಾವೇರಿ ನಿಸರ್ಗಧಾಮಕ್ಕೆ ಕಳುಹಿಸಿ; ಕಾಡಿನಲ್ಲೇ ನೋಡಬೇಕೆನ್ನುವವರಿಗೆ ಕುಟ್ಟದ ಕಡೆಯ ನಾಣಚ್ಚಿ ಗೇಟಿನಿಂದ ನಾಗರಹೊಳೆಯ ಸಫಾರಿ ಇದೆ, ನಡೆಯುತ್ತಿದೆಯೇ ಎಂದು ಮೊದಲು ವಿಚಾರಿಸಿಕೊಳ್ಳಲಿ.

ತೋಟದಲ್ಲೇ ಕಾಣಬೇಕೆಂದರೂ ದಾರಿಯಿದೆ, ಅದಕ್ಕೆ ಯಂತ್ರ ಬೇಡ, ತಾಳ್ಮೆ ಬೇಕು. ನಾಗರಹೊಳೆಯಲ್ಲಿ ಚುಕ್ಕೆ ಜಿಂಕೆ ಹಿಂಡುಗಟ್ಟುವುದು ಹಡ್ಲುಗಳಲ್ಲಿ, ಅಂದರೆ ತೇವ ನಿಂತು ಹುಲ್ಲು ಹಸಿರಾಗಿರುವ ತಗ್ಗು ಬಯಲುಗಳಲ್ಲಿ. ಬಿತ್ತದೆ ಬಿಟ್ಟ ಗದ್ದೆಯಲ್ಲಿ ಲಂಟಾನಾ ಕಿತ್ತು ಹುಲ್ಲು ಮೇಲೇಳಲು ಬಿಟ್ಟರೆ, ತೋಟದ ಕೆರೆಯ ಒಂದು ಬದಿಯನ್ನು ಇಳಿಜಾರಾಗಿ ಇಟ್ಟರೆ, ಸಿಲ್ವರ್ ಓಕ್ ನೆಡುವ ಕಡೆ ಅತ್ತಿ, ಬಸರಿ, ನೆಲ್ಲಿ ಉಳಿಸಿದರೆ, ಕಾಡಿನ ಪ್ರಾಣಿ ತನ್ನ ಕಾಲಕ್ಕೆ ತಾನು ಬಂದು ಹೋಗುತ್ತದೆ. ಯಾವ ಹೊತ್ತಿಗೆ ಎಂದು ಅತಿಥಿಗೆ ಮಾತು ಕೊಡಲು ಆಗುವುದಿಲ್ಲ, ಕೊಡಲೂ ಬಾರದು. ಬಂದಾಗ ನೋಡಲು ಜಗಲಿಯ ಮೇಲೊಂದು ಒಳ್ಳೆಯ ದುರ್ಬೀನು ಇಡಿ; ಫೀಡರಿನ ಹಣಕ್ಕೆ ಅದು ಸಿಗುತ್ತದೆ.

ಈಗಾಗಲೇ ಕೊಂಡವರು ಯಂತ್ರವನ್ನು ಎಸೆಯಬೇಕಾಗಿಲ್ಲ. ನಮ್ಮ ನೆಂಟರದು ಈಗ ಮನೆಯ ಹತ್ತಿರದ ಮೀನಿನ ಕೆರೆಯ ಅಟ್ಟಣೆಯ ಮೇಲಿದೆ. ತೇಲುವ ಮೀನಿನ ಆಹಾರವನ್ನು ಎರಡು ಹೊತ್ತು ಅದು ಸಮನಾಗಿ ಎರಚುತ್ತದೆ, ಕೈಯಲ್ಲಿ ಹಾಕುವಾಗ ಒಂದೇ ಮೂಲೆಗೆ ಮುತ್ತುತ್ತಿದ್ದ ಕಾಟ್ಲಾ, ರೋಹು ಈಗ ಕೆರೆಯ ತುಂಬ ಹರಡಿ ತಿನ್ನುತ್ತವೆ. ಈ ಕೆಲಸಕ್ಕೆ ಯಂತ್ರವನ್ನು ಧೈರ್ಯವಾಗಿ ಮೆಚ್ಚುತ್ತೇನೆ. ಒಂದೆರಡು ದಿನಕ್ಕೆ ಸಾಲುವಷ್ಟನ್ನೇ ತುಂಬಿ, ಮಳೆಗಾಲದಲ್ಲಿ ತೂತಿನ ಬಾಯನ್ನು ದಿನವೂ ಒರೆಸಿ. ಕಾಡಂಚಿನಲ್ಲಿ ಈಗಾಗಲೇ ಫೀಡರ್ ನಿಲ್ಲಿಸಿದವರಿದ್ದರೆ ಡ್ರಮ್ಮನ್ನು ಹಗಲಿನಲ್ಲೇ ಖಾಲಿ ಮಾಡಿ ತೆಗೆಯಿರಿ, ನೆಲಕ್ಕೆ ಬಿದ್ದ ಕಾಳನ್ನು ಮೇಲ್ಮಣ್ಣಿನ ಸಮೇತ ಗುಡಿಸಿ ಆಳವಾಗಿ ಹೂಳಿರಿ, ಬೂಷ್ಟು ಹಿಡಿದದ್ದನ್ನು ಕೋಳಿಗೂ ಹಾಕಬೇಡಿ. ಆನೆಯ ಹೆಜ್ಜೆ ಅಥವಾ ಲದ್ದಿ ಕಂಡಿದ್ದರೆ ವಲಯ ಅರಣ್ಯ ಕಚೇರಿಗೆ ಅಂದೇ ತಿಳಿಸಿ, ಮುಂದಿನ ಕೆಲವು ವಾರ ಆ ಬದಿಯ ಕೆಲಸಕ್ಕೆ ಆಳುಗಳನ್ನು ಬಿಸಿಲೇರಿದ ಮೇಲೆಯೇ ಕಳುಹಿಸಿ.