ಕಡಲಗಾಜಿಗೆ ತೂತು ಕೊರೆಯುವ ರೋಟರಿ ಟೂಲ್: ನಾಲ್ಕು ವರ್ಷಗಳ ಬಳಕೆಯ ನಂತರ

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸಂಡರ್‌ಲ್ಯಾಂಡ್‌ನಲ್ಲಿ ನೆಲೆಸಿರುವ ನಾನು, ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪವೇ ದೂರದ ಸೀಹ್ಯಾಮ್ ಕಡಲತೀರದಲ್ಲಿ ಆಯ್ದು ತಂದ ಗಾಜಿನ ಚೂರುಗಳಿಂದ ಓಲೆ, ಪದಕ ಮತ್ತು ಸರಗಳನ್ನು ಮಾಡಲು ತೊಡಗಿ ನಾಲ್ಕು ವರ್ಷಗಳಾದವು. ಈ ಅವಧಿಯುದ್ದಕ್ಕೂ ತೂತು ಕೊರೆಯಲು ಬಳಸಿದ್ದು ಒಂದೇ ಯಂತ್ರ: ನಿಮಿಷಕ್ಕೆ 10,000ದಿಂದ 32,000 ಸುತ್ತು ತಿರುಗುವ, ಕೈಯಲ್ಲಿ ಹಿಡಿಯುವ ರೋಟರಿ ಟೂಲ್. ಹೆಚ್ಚುಕಡಿಮೆ ಇದೇ ಬಗೆಯ ಯಂತ್ರವನ್ನು ಹಲವು ಕಂಪನಿಗಳು ಮಾರುವುದರಿಂದ ಕಂಪನಿಯ ಹೆಸರನ್ನು ಬದಿಗಿಟ್ಟು, ಕಡಲಗಾಜಿನ ಕೆಲಸದಲ್ಲಿ ಇಂಥ ಯಂತ್ರ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಯಂತ್ರದ ಮಾತಿಗೆ ಮೊದಲು ಗಾಜಿನ ಬಗ್ಗೆ ಹೇಳಲೇಬೇಕು, ಏಕೆಂದರೆ ಯಂತ್ರದಿಂದ ನಾನು ಏನನ್ನು ಬಯಸುತ್ತೇನೆ ಎಂಬುದು ಅದರಿಂದಲೇ ನಿರ್ಧಾರವಾಗುತ್ತದೆ. ಸೀಹ್ಯಾಮಿನಲ್ಲಿ 1853ರಲ್ಲಿ ಜಾನ್ ಕ್ಯಾಂಡ್ಲಿಷ್ ಎಂಬವರು ಆರಂಭಿಸಿದ ಬಾಟಲಿ ಕಾರ್ಖಾನೆ 1921ರವರೆಗೆ ನಡೆಯಿತು. ಅಲ್ಲಿ ಉಳಿದ ಗಾಜು, ಒಡೆದ ಬಾಟಲಿಗಳು ಉತ್ತರ ಸಮುದ್ರದ ಪಾಲಾದವು. ಹಾಗಾಗಿ ಇಂದು ಇಳಿತದ ಹೊತ್ತಿನಲ್ಲಿ ಬೆಣಚುಗಲ್ಲುಗಳ ನಡುವೆ ಕೈಗೆ ಸಿಗುವ ಚೂರುಗಳಲ್ಲಿ ಅನೇಕವು ನೂರು ವರ್ಷಕ್ಕೂ ಹಳೆಯವು. ಉಪ್ಪುನೀರು ಗಾಜಿನ ಮೇಲ್ಮೈಯಿಂದ ಸೋಡಿಯಮ್ಮನ್ನು ನಿಧಾನವಾಗಿ ಹೊರಗೆಳೆಯುವುದರಿಂದಲೂ, ಅಲೆಗಳ ಹೊಡೆತಕ್ಕೆ ಕಲ್ಲಿನೊಡನೆ ಉಜ್ಜಿಕೊಳ್ಳುವುದರಿಂದಲೂ ಚೂರಿನ ಅಂಚು ದುಂಡಾಗಿ, ಮೈಮೇಲೆ ಮಂಜು ಕವಿದಂಥ ಬಿಳಿಯ ಮುಸುಕು ಬರುತ್ತದೆ. ಹಸಿರು, ಕಂದು, ಬಿಳಿ ಬಣ್ಣದವು ಧಾರಾಳವಾಗಿ ಸಿಗುತ್ತವೆ. ಒಂದೇ ಚೂರಿನಲ್ಲಿ ಎರಡು ಮೂರು ಬಣ್ಣಗಳು ಸುತ್ತಿಕೊಂಡಿರುವ, ಇಲ್ಲಿಯವರು ಮಲ್ಟಿ ಎಂದು ಕರೆಯುವ ತುಣುಕುಗಳು ಅಪರೂಪ, ಮತ್ತು ಈ ತೀರ ದೂರದೂರದ ಸಂಗ್ರಹಕಾರರಿಗೆ ಪರಿಚಿತವಾಗಿರುವುದು ಮುಖ್ಯವಾಗಿ ಅವುಗಳಿಂದಲೇ. ಆ ಮುಸುಕೇ ಕಡಲಗಾಜಿನ ಬೆಲೆ. ಅದನ್ನು ಉಜ್ಜಿ ಹೊಳಪು ಬರಿಸಿದರೆ ಉಳಿಯುವುದು ಹಳೆಯ ಬಾಟಲಿಯ ಚೂರು ಮಾತ್ರ. ಆದ್ದರಿಂದ ಯಂತ್ರದೊಡನೆ ಬರುವ ಪಾಲಿಶ್ ಮಾಡುವ, ಕತ್ತರಿಸುವ, ಸಾಣೆ ಹಿಡಿಯುವ ಹತ್ತಾರು ಸಾಮಾನುಗಳನ್ನು ನಾನು ಗಾಜಿಗೆ ತಾಗಿಸಿಲ್ಲ. ನನಗೆ ಬೇಕಿರುವುದು ಬೆಳ್ಳಿಯ ಕೊಂಡಿ ಹಾಯುವಷ್ಟು ಒಂದು ತೂತು, ಅಂದರೆ ಒಂದೂವರೆ ಮಿಲಿಮೀಟರು.

ಈ ಒಂದು ಕೆಲಸವನ್ನು ಯಂತ್ರ ಚೆನ್ನಾಗಿ ಮಾಡುತ್ತದೆ, ಆದರೆ ಡಬ್ಬಿಯ ಮೇಲೆ ಬರೆದಿರುವ ರೀತಿಯಲ್ಲಿ ಅಲ್ಲ. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವ 32,000 ಸುತ್ತುಗಳ ವೇಗ ಗಾಜಿಗೆ ನಿರುಪಯುಕ್ತವಷ್ಟೇ ಅಲ್ಲ, ಅಪಾಯಕಾರಿ. ವೇಗ ಹೆಚ್ಚಾದಂತೆ ಬಿಟ್‌ನ, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಕೊರೆಯುವ ಕಡ್ಡಿಯ, ತುದಿ ಕಾಯುತ್ತದೆ, ಕಾದ ಜಾಗದಲ್ಲಿ ಗಾಜು ಹಿಗ್ಗಿ ಬಿರುಕು ಬಿಡುತ್ತದೆ, ಮತ್ತು ಬಿಟ್‌ಗೆ ಅಂಟಿಸಿರುವ ವಜ್ರದ ಪುಡಿ ಬೇಗನೆ ಉದುರುತ್ತದೆ. ಮೊದಲ ತಿಂಗಳಲ್ಲಿ ಇದನ್ನು ತಿಳಿಯದೆ ಒಳ್ಳೆಯ ಹಸಿರು ಚೂರುಗಳನ್ನು ಒಡೆದುಕೊಂಡೆ, ಆ ನಷ್ಟ ಇಂದಿಗೂ ಮನಸ್ಸಿನಲ್ಲಿದೆ. ಆಮೇಲೆ ವೇಗದ ಗುಂಡಿಯನ್ನು ಅತಿ ಕಡಿಮೆಯ ಅಂಕದ ಮೇಲೆಯೇ ನಿಲ್ಲಿಸಿದೆ.

ನಾನು ಅನುಸರಿಸುವ ಕ್ರಮ ಹೀಗಿದೆ. ಅಗಲವಾದ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಹಳೆಯ ರಬ್ಬರ್ ತುಂಡೊಂದನ್ನಿಟ್ಟು, ಅದರ ಮೇಲೆ ಚೂರನ್ನು ಜೇಡಿಯಂಥ ಅಂಟಿನಿಂದ ಅಲುಗಾಡದಂತೆ ಕೂರಿಸಿ, ಗಾಜು ಮುಳುಗಿ ಅದರ ಮೇಲೆ ತೆಳುವಾಗಿ ನೀರು ನಿಲ್ಲುವಷ್ಟು ಮಾತ್ರ ನೀರು ಹಾಕುತ್ತೇನೆ. ಒಳಗೆ ಟೊಳ್ಳಾಗಿರುವ ವಜ್ರದ ಬಿಟ್ಟನ್ನು ನೇರವಾಗಿ ಇಟ್ಟರೆ ಅದು ಜಾರಿ ಮುಸುಕಿನ ಮೇಲೆ ಗೀರು ಎಳೆಯುತ್ತದೆ. ಆದ್ದರಿಂದ ಮೊದಲು ಓರೆಯಾಗಿ ಹಿಡಿದು ಅರ್ಧಚಂದ್ರದ ಆಕಾರದ ಸಣ್ಣ ಕಚ್ಚು ಮಾಡಿಕೊಂಡು, ಅದರ ಆಧಾರದಲ್ಲಿ ನಿಧಾನವಾಗಿ ನೆಟ್ಟಗೆ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಒತ್ತುವುದೇ ಇಲ್ಲ. ಕೈಯಲ್ಲಿರುವ ಹಿಡಿಯ ಭಾರವೇ ಸಾಕು. ಎರಡು ಮೂರು ಸೆಕೆಂಡಿಗೊಮ್ಮೆ ಬಿಟ್ಟನ್ನು ಮೇಲೆತ್ತಿದರೆ ತೂತಿನೊಳಗೆ ಹೊಸ ನೀರು ನುಗ್ಗಿ ತಂಪು ಮಾಡುತ್ತದೆ, ಹಾಲಿನಂಥ ಗಾಜಿನ ಹಿಟ್ಟು ಹೊರಗೆ ಬರುತ್ತದೆ. ಅರ್ಧದಷ್ಟು ಆಳವಾದ ಮೇಲೆ ಚೂರನ್ನು ಮಗುಚಿ ಇನ್ನೊಂದು ಬದಿಯಿಂದ ಕೊರೆಯಬೇಕು. ಒಂದೇ ಬದಿಯಿಂದ ಪೂರ್ತಿ ಕೊರೆದರೆ ಬಿಟ್ ಹೊರಬರುವಲ್ಲಿ ಸಿಪ್ಪೆ ಎದ್ದು, ಕಾಣುವ ಮುಖವೇ ಹಾಳಾಗುತ್ತದೆ. ಆರೇಳು ಮಿಲಿಮೀಟರು ದಪ್ಪದ ಚೂರಿಗೆ ನನಗೆ ಸುಮಾರು ಹತ್ತು ನಿಮಿಷ ಹಿಡಿಯುತ್ತದೆ. ಅವಸರದಲ್ಲಿ ಐದು ನಿಮಿಷಕ್ಕೆ ಮುಗಿಸಿದ ದಿನಗಳಲ್ಲಿ ಒಡೆದವುಗಳ ಸಂಖ್ಯೆ ಹೆಚ್ಚು.

ಇಷ್ಟೆಲ್ಲ ಎಚ್ಚರ ವಹಿಸಿದರೂ ಕೆಲವು ಚೂರುಗಳು ಬಿಟ್ ತಾಗುತ್ತಲೇ ಸೀಳುತ್ತವೆ. ಇದಕ್ಕೆ ಯಂತ್ರವನ್ನು ದೂರುವುದು ತಪ್ಪು. ಬಾಟಲಿಯನ್ನು ಊದಿದ ಮೇಲೆ ಅದನ್ನು ಹದವಾಗಿ, ನಿಧಾನವಾಗಿ ತಣಿಸುತ್ತಾರೆ. ಕುಲುಮೆಯಿಂದ ಎಸೆದ ಉಳಿಕೆ ಗಾಜಿಗೆ ಆ ಉಪಚಾರ ಸಿಕ್ಕಿರುವುದಿಲ್ಲವಾಗಿ ಒಳಗೆ ಬಿಗಿತ ಉಳಿದಿರಬಹುದು. ಬೆಳಕಿಗೆ ಹಿಡಿದಾಗ ಒಳಗೆ ಎಳೆಯಂಥ ಬಿರುಕು ಕಂಡರೆ ನಾನು ಆ ಚೂರನ್ನು ಕೊರೆಯುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ತಯಾರಕರ ಕೈಪಿಡಿ ಹೇಳಿರುವುದು ಸಾಲದು ಎಂದು ನನ್ನ ದೃಢವಾದ ಅಭಿಪ್ರಾಯ. ಮನೆಯ ವಿದ್ಯುತ್ತಿನಿಂದ ನಡೆಯುವ ಯಂತ್ರವನ್ನು ನೀರಿನ ಡಬ್ಬಿಯ ಮೇಲೆ ಹಿಡಿದು ಕೆಲಸ ಮಾಡುವುದು ಯಾರೂ ಮಾಡಬಾರದ ಕೆಲಸ. ಇದಕ್ಕಿರುವ ಉಪಾಯ ಬಳುಕುವ ಶಾಫ್ಟ್. ಮೋಟಾರನ್ನು ಮೇಜಿನಿಂದ ಎತ್ತರದಲ್ಲಿ, ನೀರಿನಿಂದ ದೂರದಲ್ಲಿ ಕೊಕ್ಕೆಗೆ ತೂಗುಹಾಕಿ, ಕೈಯಲ್ಲಿ ಪೆನ್ನಿನಷ್ಟು ತೆಳುವಾದ ಹಿಡಿಯನ್ನು ಮಾತ್ರ ಹಿಡಿಯಬಹುದು. ಇದನ್ನು ಯಂತ್ರದ ಜೊತೆಗೆ ಕೊಡದೆ ಪ್ರತ್ಯೇಕವಾಗಿ ಮಾರುತ್ತಾರೆ. ಹಣ ಉಳಿಸಬೇಕೆಂದರೆ ಬೇರೆಲ್ಲಿಯಾದರೂ ಉಳಿಸಿ, ಇಲ್ಲಿ ಬೇಡ. ಸೋರಿಕೆಯಾದರೆ ತಕ್ಷಣ ವಿದ್ಯುತ್ ಕಡಿಯುವ ಆರ್‌ಸಿಡಿ ಇರುವ ಪ್ಲಗ್‌ನಲ್ಲಿಯೇ ಯಂತ್ರವನ್ನು ಸಿಕ್ಕಿಸಬೇಕು. ನೀರಿಲ್ಲದೆ ಒಣದಾಗಿ ಕೊರೆದರೆ ಏಳುವ ಗಾಜಿನ ಧೂಳು ಶ್ವಾಸಕೋಶಕ್ಕೆ ಕೆಡುಕು. ನೀರಿನಲ್ಲಿ ಕೊರೆದರೂ ಕನ್ನಡಕ ಮತ್ತು ಮಾಸ್ಕ್ ತಪ್ಪಬಾರದು, ಮತ್ತು ಡಬ್ಬಿಯ ತಳದ ಹಿಟ್ಟನ್ನು ಒಣಗಲು ಬಿಡದೆ ಒದ್ದೆಯಾಗಿರುವಾಗಲೇ ಕಾಗದದಿಂದ ಒರೆಸಿ ತೆಗೆಯಬೇಕು.

ಕೊರತೆಗಳಲ್ಲಿ ಮೊದಲನೆಯದು, ಯಂತ್ರದ ಕನಿಷ್ಠ ವೇಗವೇ ಹೆಚ್ಚು. 10,000 ಸುತ್ತುಗಳಿಗಿಂತ ಕೆಳಗೆ ಹೋಗುವ ಸೌಲಭ್ಯವಿದ್ದಿದ್ದರೆ ದಪ್ಪನೆಯ ಚೂರುಗಳಲ್ಲಿ ನನ್ನ ನಷ್ಟ ಕಡಿಮೆಯಾಗುತ್ತಿತ್ತು. ಎರಡನೆಯದು, ಬಿಟ್ ಹಿಡಿಯುವ ಕಾಲೆಟ್. 3.2 ಮಿಲಿಮೀಟರಿನ ಕಾಲೆಟ್ ಗಟ್ಟಿಮುಟ್ಟಾಗಿದೆ, ಆದರೆ ನನ್ನ ಸಣ್ಣ ಬಿಟ್‌ಗಳಿಗೆ ಬೇಕಾದ 2.4 ಮಿಲಿಮೀಟರಿನದು ಎರಡನೆಯ ವರ್ಷದ ಕೊನೆಗೆ ಸಡಿಲವಾಗಿ, ಬಿಟ್ ನಡುಗತೊಡಗಿ, ತೂತು ಮೊಟ್ಟೆಯಾಕಾರವಾಯಿತು. ಮಾರಿದವರಿಗೆ ಬರೆದೆ. ಖಾತರಿಯ ಅವಧಿ ಮುಗಿದಿಲ್ಲದಿದ್ದರೂ ಕಾಲೆಟ್ ಸವೆಯುವ ಭಾಗವೆಂದು ಹೇಳಿ ಬದಲಿಸಿಕೊಡಲಿಲ್ಲ. ಬೇರೆಡೆಯಿಂದ ಕೊಂಡು ಹಾಕಿದೆ, ಸರಿಹೋಯಿತು. ಮೂರನೆಯ ವರ್ಷ ಮೋಟಾರಿನಿಂದ ಕಿಡಿ ಕಾಣಿಸಿದಾಗ ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳನ್ನು ಬದಲಿಸಿದೆ. ಹೊರಗಿನ ಎರಡು ಮುಚ್ಚಳ ತಿರುಗಿಸಿದರೆ ಅವು ಕೈಗೆ ಬರುವಂತೆ ಯಂತ್ರವನ್ನು ರೂಪಿಸಿರುವುದು ಮೆಚ್ಚಬೇಕಾದ ಸಂಗತಿ. ಜೊತೆಯಲ್ಲಿ ಬಂದಿದ್ದ ವಜ್ರದ ಬಿಟ್‌ಗಳು ಮೂರು ನಾಲ್ಕು ತೂತುಗಳಿಗೇ ಬೋಳಾದವು, ಅವುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬೇರೆಯಾಗಿ ಕೊಂಡ ಒಳ್ಳೆಯ ಬಿಟ್ ಒಂದರಲ್ಲಿ ಹದಿನೈದಿಪ್ಪತ್ತು ತೂತು ಬರುತ್ತವೆ.

ಮಲ್ಟಿಗಳ ವಿಷಯದಲ್ಲಿ ಮಾತ್ರ ನಾನು ಯಂತ್ರವನ್ನು ಮುಟ್ಟುವುದಿಲ್ಲ. ಹೊನ್ನಾವರದಲ್ಲಿ ಅಕ್ಕಸಾಲಿಗರಾಗಿರುವ ನನ್ನ ಸೋದರಮಾವನಿಗೆ ಅಂಥ ಒಂದು ತುಣುಕನ್ನು ಊರಿಗೆ ಹೋದಾಗ ತೋರಿಸಿದ್ದೆ. ಅದನ್ನು ಬಹಳ ಹೊತ್ತು ಬಾಗಿಲ ಬೆಳಕಿಗೆ ಹಿಡಿದು ನೋಡಿ, "ಇದಕ್ಕೆ ತೂತು ಹಾಕಬೇಡ ಮಗಾ, ಹರಳು ಕೂರಿಸಿದ ಹಾಗೆ ಸುತ್ತ ಪಟ್ಟಿ ಕಟ್ಟು, ಹಿಂದೆ ಮುಚ್ಚಬೇಡ, ಬೆಳಕು ಹಾಯಲಿ" ಎಂದರು. ಅಂದಿನಿಂದ ಶುದ್ಧ ಬೆಳ್ಳಿಯ ಮೆತ್ತನೆಯ ಪಟ್ಟಿಯನ್ನು ಚೂರಿನ ಅಂಕುಡೊಂಕಿಗೆ ಸರಿಯಾಗಿ ಬಾಗಿಸಿ, ಬೆಸುಗೆಯ ಕೆಲಸವನ್ನೆಲ್ಲ ಗಾಜಿಲ್ಲದೆಯೇ ಮುಗಿಸಿ, ಲೋಹ ಪೂರ್ತಿ ತಣಿದ ಮೇಲೆ ಗಾಜನ್ನು ಕೂರಿಸಿ ಅಂಚನ್ನು ಒತ್ತುತ್ತೇನೆ. ಬೆಂಕಿಯನ್ನು ಗಾಜು ತಾಳುವುದಿಲ್ಲ. ಆ ಪಟ್ಟಿಯ ಅಂಚನ್ನು ನುಣುಪು ಮಾಡಲು, ಕೇವಲ ಬೆಳ್ಳಿಯ ಮೇಲೆ, ಇದೇ ಯಂತ್ರ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಮಾರುವ ಉದ್ದೇಶವಿರುವವರು ಒಂದು ವಿಷಯ ತಿಳಿದಿರಬೇಕು: ಬ್ರಿಟನ್ನಿನಲ್ಲಿ ಬೆಳ್ಳಿಯ ಭಾಗ 7.78 ಗ್ರಾಂ ಮೀರಿದ ಒಡವೆಯನ್ನು ಬೆಳ್ಳಿಯೆಂದು ಹೇಳಿ ಮಾರಬೇಕಾದರೆ ಹಾಲ್‌ಮಾರ್ಕ್ ಮುದ್ರೆ ಕಡ್ಡಾಯ. ನನ್ನ ಓಲೆಗಳು ಆ ತೂಕದ ಹತ್ತಿರಕ್ಕೂ ಬರುವುದಿಲ್ಲ.

ವಾರಕ್ಕೆ ಹತ್ತು ಹನ್ನೆರಡು ಚೂರು ಕೊರೆಯುವ ನನ್ನಂಥವರಿಗೆ ಈ ಯಂತ್ರವನ್ನು ಐದರಲ್ಲಿ ನಾಲ್ಕು ಅಂಕ ಕೊಟ್ಟು ಶಿಫಾರಸು ಮಾಡುತ್ತೇನೆ, ಬಳುಕುವ ಶಾಫ್ಟನ್ನೂ ಒಳ್ಳೆಯ ಬಿಟ್‌ಗಳನ್ನೂ ಅದೇ ದಿನ ಕೊಳ್ಳುವುದಾದರೆ ಮಾತ್ರ. ದಿನವಿಡೀ ಕೊರೆಯುವವರಿಗೆ ಇದು ತಕ್ಕುದಲ್ಲ, ಇಪ್ಪತ್ತು ನಿಮಿಷ ಕಳೆದರೆ ಮೋಟಾರು ಕಾಯುತ್ತದೆ. ನನ್ನದು ಕೆಟ್ಟುನಿಂತ ದಿನ ಇದೇ ಗಾತ್ರದ, ಆದರೆ 5,000 ಸುತ್ತುಗಳಿಂದ ಆರಂಭವಾಗುವ ಯಂತ್ರವನ್ನು ಹುಡುಕಿ ಕೊಳ್ಳುತ್ತೇನೆ.